ಗಾಳಿಯ ಬಾಣಲೆ

ತುಮಕೂರಿನ ಸದಾಶಿವನಗರದ ಒಂದು ಮನೆಯಲ್ಲಿ ಹದಿನಾಲ್ಕು ತಿಂಗಳ ಕಾಲ ಎಣ್ಣೆಯ ಬಾಣಲೆ ಒಲೆಯ ಮೇಲೇರಲಿಲ್ಲ. ಹೀಗೆಂದರೆ ಸಂಸಾರವಂದಿಗರಾದ ಓದುಗರಿಗೆ ಅದರ ಅರ್ಥವನ್ನು ಬಿಡಿಸಿ ಹೇಳಬೇಕಾದುದಿಲ್ಲ. ಆ ಮನೆಯ ಪದ್ಧತಿಯಲ್ಲಿ ಬಾಣಲೆ ಇಡದಿರುವುದು ಸೂತಕದ ದಿನಗಳಲ್ಲಿ ಮಾತ್ರ. ಮಿಕ್ಕಂತೆ ಹಬ್ಬವೆಂದರೆ ಎಲೆಯ ಕೊನೆಗೆ ಒಂದು ವಡೆಯೋ, ಒಂದೆರಡು ಸಂಡಿಗೆಯೋ ಬಿದ್ದೇ ತೀರಬೇಕು. 2024ರ ದೀಪಾವಳಿಯಂದು ಮಗಳು, ಅಳಿಯ, ಮೊಮ್ಮಕ್ಕಳೆಲ್ಲರೂ ಕುಳಿತಿದ್ದ ಪಂಕ್ತಿಗೆ ಕೋಸಂಬರಿ, ಪಲ್ಯ, ಪಾಯಸ ಎಲ್ಲವೂ ಬಂದವು. ಕರಿದದ್ದು ಬರಲಿಲ್ಲ. ಗೃಹಿಣಿಗೆ ಅಂದು ಊಟ ಸೇರಲಿಲ್ಲ. “ಇದೇನು ಹಬ್ಬವೋ, ವೈಕುಂಠ ಸಮಾರಾಧನೆಗೆ ಮುಂಚಿನ ಊಟವೋ” ಎಂದು ಒಳಗೊಳಗೇ ಅಂದುಕೊಂಡು, ಮರುಕ್ಷಣವೇ ಆ ಮಾತಿಗೆ ತಾವೇ ಬೆದರಿ ದೇವರ ಮನೆಗೆ ಹೋಗಿ ಕೈಮುಗಿದರು.

ಬೆದರಲು ಕಾರಣವಿತ್ತು. ಆ ವರ್ಷದ ಜೂನ್ ತಿಂಗಳಿನಲ್ಲಿ ಯಜಮಾನರಿಗೆ ಎದೆನೋವು ಬಂದು, ಬೆಂಗಳೂರಿಗೆ ಕರೆದೊಯ್ದು, ಹೃದಯದ ರಕ್ತನಾಳಕ್ಕೆ ಎರಡು ಸ್ಟೆಂಟುಗಳನ್ನು ಹಾಕಿಸಲಾಗಿತ್ತು. ವೈದ್ಯರು ಹೇಳಿದ್ದು ಇಷ್ಟೆ: “ಎಣ್ಣೆ, ಉಪ್ಪು ಕಡಮೆ ಮಾಡಿ. ಕರಿದದ್ದನ್ನು ಅಪರೂಪಕ್ಕೆ ಇಟ್ಟುಕೊಳ್ಳಿ.” ಆಸ್ಪತ್ರೆಯ ಬಾಗಿಲು ದಾಟಿ ತುಮಕೂರನ್ನು ತಲಪುವಷ್ಟರಲ್ಲಿ ‘ಅಪರೂಪಕ್ಕೆ’ ಎಂಬುದು ‘ಕೂಡದು’ ಎಂದಾಗಿತ್ತು. ಗೃಹಿಣಿ ದೊಡ್ಡ ಕಬ್ಬಿಣದ ಬಾಣಲೆಯನ್ನು ತೊಳೆದು, ಒರೆಸಿ, ಹಳೆಯ ಸೀರೆಯ ತುಂಡಿನಲ್ಲಿ ಸುತ್ತಿ ಅಟ್ಟಕ್ಕೆ ಏರಿಸಿದರು. ಅದು ಅವರ ಅತ್ತೆಯವರು ಗುಬ್ಬಿಯಿಂದ ತಂದ ಬಾಣಲೆ.

ಯಜಮಾನರು ತುಮಕೂರಿನ ಎಚ್.ಎಂ.ಟಿ. ಕೈಗಡಿಯಾರದ ಕಾರ್ಖಾನೆಯಲ್ಲಿ ಕೆಲಸ ಮಾಡಿದವರು. 1978ರಲ್ಲಿ ಆರಂಭವಾಗಿ 2016ರಲ್ಲಿ ಮುಚ್ಚಿದ ಆ ಕಾರ್ಖಾನೆ ಈಗ ಇಲ್ಲ. ಆದರೆ ಅಲ್ಲಿ ಕಲಿತ ಅಭ್ಯಾಸ ಅವರನ್ನು ಬಿಟ್ಟಿಲ್ಲ. ಹಾಲಿನ ಲೆಕ್ಕ, ಔಷಧಿಯ ವೇಳೆ, ರಕ್ತದೊತ್ತಡದ ಅಂಕಿ, ಎಲ್ಲಕ್ಕೂ ಒಂದು ನೋಟ್ ಪುಸ್ತಕ. ಪುಟದ ಅಂಚಿನಲ್ಲಿ ಕೆಂಪು ಮಸಿಯ ಗೆರೆ.

2025ರ ಸಂಕ್ರಾಂತಿಗೆ ಮಗಳು ಬಂದಾಗ, ಎಳ್ಳುಬೆಲ್ಲದ ಜೊತೆಗೆ ಒಂದು ದೊಡ್ಡ ರಟ್ಟಿನ ಪೆಟ್ಟಿಗೆಯೂ ಕಾರಿನಿಂದಿಳಿಯಿತು. ಏರ್ ಫ್ರೈಯರ್! ನಾಲ್ಕು ಲೀಟರಿನದು. ಇಂಥವು ಪೇಟೆಯಲ್ಲಿ ಐದು ಸಾವಿರದಿಂದ ಹತ್ತು ಸಾವಿರದವರೆಗೆ ದೊರೆಯುತ್ತವೆ. “ಅಮ್ಮ, ಇನ್ನು ಒಂದು ಚಮಚ ಎಣ್ಣೆಯಲ್ಲಿ ಎಲ್ಲವನ್ನೂ ಕರಿಯಬಹುದು. ಅಪ್ಪನಿಗೂ ಕೊಡಬಹುದು” ಎಂದಳು ಮಗಳು. ಅವಳ ದನಿಯಲ್ಲಿ ಉಡುಗೊರೆಯ ಸಂತೋಷಕ್ಕಿಂತ, ದೂರದಲ್ಲಿರುವ ಮಕ್ಕಳಿಗೆ ಸಹಜವಾದ ಒಂದು ಅಪರಾಧಭಾವವೇ ಹೆಚ್ಚಾಗಿತ್ತೆಂದು ತೋರುತ್ತದೆ. ಗೃಹಿಣಿ ಪೆಟ್ಟಿಗೆಯನ್ನು ಸುತ್ತಲೂ ನೋಡಿ, “ಇದರಲ್ಲಿ ಎಣ್ಣೆ ಎಲ್ಲಿ ಹಾಕುವುದು?” ಎಂದು ಕೇಳಿದರು. ಹಾಕುವ ಸ್ಥಳವಿರಲಿಲ್ಲ. ಅಂದಿನಿಂದ ಅದಕ್ಕೆ ಆ ಮನೆಯಲ್ಲಿ ‘ಗಾಳಿಯ ಬಾಣಲೆ’ ಎಂಬ ಹೆಸರೇ ನಿಂತಿತು.

ಹೆಸರಿನಲ್ಲೇ ಎಡವಟ್ಟು ಅಡಗಿತ್ತು. ಈ ಯಂತ್ರವನ್ನು ಫಿಲಿಪ್ಸ್ ಸಂಸ್ಥೆಯವರು 2010ರಲ್ಲಿ ಬರ್ಲಿನ್ ನಗರದ ಪ್ರದರ್ಶನದಲ್ಲಿ ಲೋಕದ ಮುಂದಿಟ್ಟರು. ಅದರ ಹಿಂದಿದ್ದವನು ಫ್ರೆಡ್ ವ್ಯಾನ್ ಡರ್ ವೇ ಎಂಬ ಹಾಲೆಂಡ್ ದೇಶದ ಶೋಧಕ. ಅವನ ಚಿಂತೆ ಆಲೂಗಡ್ಡೆಯ ಸೀಳುಗಳನ್ನು ಎಣ್ಣೆಯಲ್ಲಿ ಮುಳುಗಿಸದೆ ಗರಿಗರಿಯಾಗಿಸುವುದು ಹೇಗೆಂಬುದಾಗಿತ್ತು. ಮೆಣಸಿನಕಾಯಿ ಬಜ್ಜಿಯ ಚಿಂತೆ ಅವನಿಗೇಕೆ ಬಂದೀತು! ಯಂತ್ರದ ನೆತ್ತಿಯಲ್ಲಿ ಒಂದು ಕಾಯುವ ಸುರುಳಿ, ಅದರ ಮೇಲೊಂದು ಬೀಸಣಿಗೆ, ಕೆಳಗೆ ತೂತುಗಳುಳ್ಳ ಬುಟ್ಟಿ. ಬಿಸಿಗಾಳಿ ಬುಟ್ಟಿಯ ಸುತ್ತ ರಭಸದಿಂದ ಸುತ್ತುತ್ತದೆ. ಯಜಮಾನರು ಕೈಪಿಡಿಯನ್ನು ಎರಡು ಸಲ ಓದಿ, ಕನ್ನಡಕವನ್ನು ತೆಗೆದಿಟ್ಟು, “ಇದು ಬಾಣಲೆಯಲ್ಲ. ಬೇಕರಿಯವರ ಒಲೆ, ಗಾತ್ರದಲ್ಲಿ ಚಿಕ್ಕದು, ಅಷ್ಟೆ” ಎಂದು ತೀರ್ಪು ಕೊಟ್ಟರು. ಆ ಮಾತು ಅಕ್ಷರಶಃ ನಿಜವಾಗಿತ್ತು. ಆದರೆ ಮನೆಯಲ್ಲಿ ಯಾರೂ, ಹೇಳಿದ ಅವರೂ ಕೂಡ, ಅದನ್ನು ಲಕ್ಷ್ಯಕ್ಕೆ ತಂದುಕೊಳ್ಳಲಿಲ್ಲ.

ಮೊದಲ ಪರೀಕ್ಷೆ ಬಾಳೆಕಾಯಿ ಬಜ್ಜಿಯದು. ಕಡಲೆಹಿಟ್ಟಿನಲ್ಲಿ ಅದ್ದಿದ ಹೋಳುಗಳನ್ನು ಬುಟ್ಟಿಯಲ್ಲಿ ಹರಡಿ, 180 ಡಿಗ್ರಿಗೆ ತಿರುಗಿಸಿ, ಹನ್ನೆರಡು ನಿಮಿಷ ಎಲ್ಲರೂ ಕಾದರು. ಬುಟ್ಟಿಯನ್ನು ಎಳೆದಾಗ ಹಿಟ್ಟೆಲ್ಲ ತೂತುಗಳಿಂದ ಕೆಳಗಿಳಿದು ತಟ್ಟೆಯಲ್ಲಿ ದೋಸೆಯಾಗಿತ್ತು. ಮೇಲೆ ಬಾಳೆಕಾಯಿ ನಾಚಿಕೊಂಡು ಒಣಗಿ ಕುಳಿತಿತ್ತು. ಕಾಯ್ದ ಎಣ್ಣೆಗೆ ಬಿದ್ದ ಹಿಟ್ಟು ಬಿದ್ದ ಕ್ಷಣದಲ್ಲೇ ಗಟ್ಟಿಯಾಗುತ್ತದೆ, ಒಳಗಿನ ನೀರು ಆವಿಯಾಗಿ ನುಗ್ಗಿ ಹೊರಬರುತ್ತದೆ. ಆ ಸದ್ದನ್ನೇ ಗೃಹಿಣಿಯರು ‘ಚುಂಯ್’ ಎಂದು ಗುರುತಿಸುವುದು. ಅಷ್ಟೇ ಬಿಸಿಯ ಗಾಳಿಗೆ ಅಷ್ಟು ಬೇಗ ಶಾಖವನ್ನು ಕೊಡುವ ಶಕ್ತಿ ಇಲ್ಲ. ಹಿಟ್ಟು ಗಟ್ಟಿಯಾಗುವ ಮೊದಲೇ ಜಾರಿಹೋಗುತ್ತದೆ. ಎರಡನೆಯ ದಿನ ಅಕ್ಕಿ ಸಂಡಿಗೆ ಇಟ್ಟರು. ಅರ್ಧ ಅರಳಿತು, ಅರ್ಧ ಕಲ್ಲಾಗಿ ಉಳಿಯಿತು. ಮೂರನೆಯ ದಿನ ಚೇಳೂರಿನ ಕಡೆಯಿಂದ ಬಂದ ಹಲಸಿನ ಹಪ್ಪಳ. ಅದಂತೂ ಬೀಸಣಿಗೆಯ ಗಾಳಿಗೆ ಹಾರಿ ಮೇಲಿನ ಸುರುಳಿಗೆ ತಗಲಿ ಕರಟಿತು. ಮನೆಯೆಲ್ಲ ಹೊಗೆ. “ಎಣ್ಣೆಯಿಲ್ಲದಿದ್ದರೂ ಹೊಗೆಗೇನೂ ಕಡಮೆಯಿಲ್ಲ” ಎಂದರು ಗೃಹಿಣಿ.

ಯಂತ್ರವನ್ನು ಅಟ್ಟಕ್ಕೆ ಹಾಕಿ ಬಾಣಲೆಯ ಜೊತೆಗಾರನನ್ನಾಗಿ ಮಾಡುವ ಯೋಚನೆ ಅಂದೇ ಹುಟ್ಟಿತ್ತು. ತಪ್ಪಿಸಿದ್ದು ಗೆಣಸು. ಸಂಕ್ರಾಂತಿಗೆ ಬೇಯಿಸಿ ಉಳಿದಿದ್ದ ಹಸಿ ಗೆಣಸಿನ ಎರಡು ಗಡ್ಡೆಗಳನ್ನು ಸುಮ್ಮನೆ ಬುಟ್ಟಿಯಲ್ಲಿಟ್ಟರೆ, ಅರ್ಧ ಗಂಟೆಗೆ ಕೆಂಡದಲ್ಲಿ ಸುಟ್ಟಂತೆ ಸಿಪ್ಪೆ ಬಿಟ್ಟು, ಒಳಗೆ ಜೇನಿನಂತಾಯಿತು. ಅನಂತರ ಒಂದೊಂದೇ ಗುಣ ಬೆಳಕಿಗೆ ಬಂತು. ಬೆಂಡೆಕಾಯಿ ಒಂದು ಚಮಚ ಎಣ್ಣೆಯಲ್ಲಿ ಲೋಳೆಯಿಲ್ಲದೆ ಗರಿಯಾಗುತ್ತದೆ. ಹಾಗಲಕಾಯಿ ಬಿಲ್ಲೆಯೂ ಹಾಗೆಯೇ. ಬದನೆಕಾಯಿ ಸುಟ್ಟ ಗೊಜ್ಜಿಗೆ ಸಿದ್ಧವಾಗುತ್ತದೆ. ಮಳೆಗಾಲದಲ್ಲಿ ಮೆತ್ತಗಾದ ಅವಲಕ್ಕಿ, ಪುರಿ, ಚಕ್ಕುಲಿ ಮೂರು ನಿಮಿಷದಲ್ಲಿ ಮರುಜನ್ಮ ಪಡೆಯುತ್ತವೆ. ಮದ್ದೂರು ವಡೆಯ ಹಿಟ್ಟನ್ನು ಗಟ್ಟಿಯಾಗಿ ಕಲಸಿ, ತೆಳ್ಳಗೆ ತಟ್ಟಿ, ಮೇಲೆ ಎಣ್ಣೆ ಸವರಿಟ್ಟರೆ ವಡೆಯ ತಮ್ಮನೆನ್ನಬಹುದಾದ ಒಂದು ಬಿಸ್ಕತ್ತು ಹೊರಬರುತ್ತದೆ. ಕಾಫಿಯ ಜೊತೆಗೆ ತಿನ್ನಬಹುದು. ಪಾವಗಡದ ಕಡಲೆಕಾಯಿ ಬೀಜಕ್ಕೆ ಖಾರದ ಹಿಟ್ಟು ಹಚ್ಚಿ ಹುರಿದಾಗ ಯಜಮಾನರು ಹಿಗ್ಗಿ, “ನೋಡಿದೆಯಾ, ಒಂದು ಹನಿ ಎಣ್ಣೆಯಿಲ್ಲ!” ಎಂದರು. ಕಡಲೆಕಾಯಿ ಬೀಜದ ತೂಕದಲ್ಲಿ ಹೆಚ್ಚುಕಡಮೆ ಅರ್ಧಭಾಗ ಎಣ್ಣೆಯೇ ಎಂಬುದು ಅವರಿಗೆ ತಿಳಿಯದ ವಿಷಯವಲ್ಲ. ಆದರೂ ಮನುಷ್ಯ ತನಗೆ ಬೇಕಾದ ಲೆಕ್ಕವನ್ನು ಮಾತ್ರ ಬರೆದುಕೊಳ್ಳುತ್ತಾನೆ.

ವಿದ್ಯುತ್ತಿನ ಲೆಕ್ಕವನ್ನು ಮಾತ್ರ ಅವರು ಚಾಚೂ ತಪ್ಪದೆ ಬರೆದಿದ್ದರು. 1500 ವ್ಯಾಟಿನ ಯಂತ್ರ ಇಪ್ಪತ್ತು ನಿಮಿಷ ನಡೆದರೆ ಅರ್ಧ ಯೂನಿಟ್ಟು. ಕಾದ ಮೇಲೆ ಸುರುಳಿ ಆಗಾಗ ತಾನೇ ಆರುವುದರಿಂದ ಇನ್ನೂ ಕಡಮೆ. ಯೂನಿಟ್ಟಿಗೆ ಸುಮಾರು 6 ರೂಪಾಯಿಯಂತೆ, ಒಂದು ಸಲಕ್ಕೆ ಎರಡರಿಂದ ಮೂರು ರೂಪಾಯಿ. ಭಾರವೇನೂ ಅಲ್ಲ. ಆದರೆ 2023ರಲ್ಲಿ ಗೃಹಜ್ಯೋತಿ ಯೋಜನೆ ಬಂದಂದಿನಿಂದ ಆ ಮನೆಗೆ ಬೆಸ್ಕಾಂ ಬಿಲ್ಲು ಸೊನ್ನೆಯಾಗಿಯೇ ಬರುತ್ತಿತ್ತು. ಹಳೆಯ ಸರಾಸರಿಗಿಂತ ಸ್ವಲ್ಪ ಹೆಚ್ಚಿನವರೆಗೆ ಮಾತ್ರ ಆ ಸೊನ್ನೆ. ಅದನ್ನು ಮೀರಿದ ಯೂನಿಟ್ಟಿಗೆ ಹಣ ತೆರಬೇಕು. ಫೆಬ್ರುವರಿಯ ಬಿಲ್ಲಿನಲ್ಲಿ 18 ರೂಪಾಯಿ ಕಾಣಿಸಿಕೊಂಡಿತು. ಸೊನ್ನೆ ಕೆಟ್ಟಿತಲ್ಲ ಎಂದು ಯಜಮಾನರಿಗೆ ಎರಡು ದಿನ ನಿದ್ರೆ ಸರಿಯಾಗಿ ಬರಲಿಲ್ಲವಂತೆ. ಏಳೆಂಟು ಸಾವಿರದ ಯಂತ್ರಕ್ಕೆ ಬಾರದ ಸಂಕಟ ಹದಿನೆಂಟು ರೂಪಾಯಿಗೆ ಬರುವುದು ಮಧ್ಯಮ ವರ್ಗದವರಲ್ಲಿ ವಿಚಿತ್ರವೇನಲ್ಲ.

ಹೀಗೆ ಆರು ತಿಂಗಳು ಕಳೆದವು. ನೋಟ್ ಪುಸ್ತಕದ ಪ್ರಕಾರ ಮನೆಗೆ ಬರುತ್ತಿದ್ದ ಕಡಲೆಕಾಯಿ ಎಣ್ಣೆ ತಿಂಗಳಿಗೆ ಮೂರು ಲೀಟರಿನಿಂದ ಒಂದೂವರೆಗೆ ಇಳಿದಿತ್ತು. ಮಗಳು ದೂರವಾಣಿಯಲ್ಲಿ ಕೇಳಿದಾಗಲೆಲ್ಲ, “ಏನೂ ತೊಂದರೆಯಿಲ್ಲಮ್ಮ, ನಿಮ್ಮಪ್ಪ ಈಗ ಬಜ್ಜಿಯ ಹೆಸರನ್ನೇ ಎತ್ತುವುದಿಲ್ಲ” ಎಂದು ಗೃಹಿಣಿ ಹೆಮ್ಮೆಯಿಂದ ಹೇಳುತ್ತಿದ್ದರು.

ಹೆಸರೆತ್ತದಿರಲು ಕಾರಣವೇನೆಂಬುದು ಜುಲೈ ತಿಂಗಳ ಒಂದು ಮಳೆಯ ಸಂಜೆ ತಿಳಿಯಿತು. ಅಮಾನಿಕೆರೆಯ ಕಡೆ ತಿರುಗಾಡಲು ಹೋಗಿ ನೆನೆದು ಬಂದ ಯಜಮಾನರ ಅಂಗಿಯನ್ನು ಒಗೆಯಲು ತೆಗೆದಾಗ, ಜೇಬಿನಲ್ಲಿ ಮಡಿಸಿದ ಒಂದು ಕಾಗದ ಸಿಕ್ಕಿತು. ಎಣ್ಣೆಯಿಂದ ಕನ್ನಡಿಯಂತೆ ಪಾರದರ್ಶಕವಾಗಿತ್ತು. ಅದರ ಮೂಲೆಯಲ್ಲಿ ಕಡಲೆಹಿಟ್ಟಿನ ಒಂದು ಚೂರು.

ಆಕೆ ಕೂಗಾಡಲಿಲ್ಲ. ಕಾಗದವನ್ನು ತಂದು ನೋಟ್ ಪುಸ್ತಕದ ಮೇಲಿಟ್ಟರು.

“ಎಷ್ಟು ದಿನದಿಂದ?”

“ವಾರಕ್ಕೆ ಎರಡು ಸಲ... ಒಮ್ಮೊಮ್ಮೆ ಮೂರು.”

“ಇದರಲ್ಲಿ ಬರೆದಿಲ್ಲವಲ್ಲ?”

ಯಜಮಾನರು ತಲೆ ತಗ್ಗಿಸಿದರು. ಅರವತ್ತೇಳು ವರ್ಷದ ಮನುಷ್ಯ ಶಾಲೆಯ ಹುಡುಗನಂತೆ ನಿಂತುದನ್ನು ಕಂಡು ಆಕೆಗೆ ಕೋಪದ ಬದಲು ಅಳುವೇ ಬಂತು. ಆ ತಳ್ಳುಗಾಡಿಯ ಎಣ್ಣೆ ಎಂಥದೋ, ಎಷ್ಟು ದಿನದ್ದೋ! ಕಾದೂ ಕಾದೂ ಕೆಟ್ಟ ಎಣ್ಣೆಯಲ್ಲಿ ಸೇರುವ ಅಂಶಗಳು 25 ಶೇಕಡಾ ಮೀರಿದರೆ ಆ ಎಣ್ಣೆಯನ್ನು ಬಳಸಲಾಗದೆಂದು ದೇಶದ ಆಹಾರ ಸುರಕ್ಷತಾ ಪ್ರಾಧಿಕಾರದ ನಿಯಮವೊಂದು 2018ರ ಜುಲೈ 1ರಿಂದ ಜಾರಿಯಲ್ಲಿದೆ. ಸಂಜೆಯ ತಳ್ಳುಗಾಡಿಯ ಮುಂದೆ ಅದನ್ನು ಅಳೆಯುವವರು ಯಾರು? ಮನೆಯಲ್ಲಿ ಶುದ್ಧವಾದ ಎಣ್ಣೆಯನ್ನು ಅಟ್ಟಕ್ಕೇರಿಸಿ, ಬೀದಿಯ ಎಣ್ಣೆಯತ್ತ ಕೈಯಾರೆ ನೂಕಿದಂತಾಯಿತಲ್ಲ ಎಂಬುದೇ ಆಕೆಯನ್ನು ಕೊರೆಯಿತು.

ರಾತ್ರಿ ಮಗಳು ದೂರವಾಣಿಯಲ್ಲಿ, “ಹಾಗಾದರೆ ಆ ಯಂತ್ರ ತಂದದ್ದೇ ದಂಡವಾಯಿತು” ಎಂದು ನೊಂದುಕೊಂಡಳು. ಗೃಹಿಣಿ ಒಪ್ಪಲಿಲ್ಲ. “ಯಂತ್ರದ ತಪ್ಪೇನಿದೆಯಮ್ಮ? ತನ್ನಿಂದ ಬಜ್ಜಿ ಆಗುವುದಿಲ್ಲವೆಂದು ಅದು ಮೊದಲ ದಿನವೇ ಹೇಳಿತು. ಬಾಣಲೆಯ ಜಾಗದಲ್ಲಿ ಅದನ್ನು ಕೂರಿಸಿದವರು ನಾವು.”

ಮುಂದಿನ ಸಲ ತಪಾಸಣೆಗೆ ಹೋದಾಗ ಆಕೆಯೇ ವೈದ್ಯರನ್ನು ನೇರವಾಗಿ ಕೇಳಿದರು: “ಅಪರೂಪಕ್ಕೆ ಎಂದರೆ ಎಷ್ಟು?” ಹಬ್ಬಹುಣ್ಣಿಮೆಗೆ ಒಂದೆರಡು ತಿಂದರೆ ತಾವು ಬೇಡವೆನ್ನುವುದಿಲ್ಲ, ಬೀದಿಯದು ಮಾತ್ರ ಬೇಡ ಎಂದು ಅವರು ನಕ್ಕರು. ಈ ಒಂದು ಪ್ರಶ್ನೆಯನ್ನು ಹಿಂದಿನ ವರ್ಷವೇ ಕೇಳಿದ್ದರೆ!

ಆಗಸ್ಟ್ 27ರಂದು ಗಣೇಶನ ಹಬ್ಬ. ಮನೆಯಲ್ಲಿ ಹನ್ನೊಂದು ಜನ. ಗಣಪತಿಗೆ ಇಪ್ಪತ್ತೊಂದು ಕರಿಗಡುಬು ನೈವೇದ್ಯ, ಉಳಿದವರಿಗೂ ಸೇರಿ ಅರವತ್ತು. ಯಜಮಾನರು ಹಿಂದಿನ ರಾತ್ರಿಯೇ ಲೆಕ್ಕ ಹಾಕಿದ್ದರು: ಯಂತ್ರದ ಬುಟ್ಟಿಗೆ ಒಂದು ಸಲಕ್ಕೆ ಆರು, ಹದಿನಾರು ನಿಮಿಷ, ಅರವತ್ತಕ್ಕೆ ಹತ್ತು ಸಲ, ಎರಡು ಗಂಟೆ ನಲವತ್ತು ನಿಮಿಷ. ಬಾಣಲೆಯಲ್ಲಾದರೆ ಎಂಟೆಂಟರಂತೆ ಮುಕ್ಕಾಲು ಗಂಟೆಯೊಳಗೆ ಮುಗಿಯುತ್ತದೆ. ಇಬ್ಬರ ಮನೆಗೆ ಹೊಂದಿದ ಬುಟ್ಟಿ ಹನ್ನೊಂದು ಜನಕ್ಕೆ ಆಟಿಕೆ.

ಅಳಿಯ ಅಟ್ಟ ಹತ್ತಿ ಬಾಣಲೆಯನ್ನಿಳಿಸಿದ. ಸೀರೆಯ ತುಂಡನ್ನು ಬಿಚ್ಚಿದಾಗ ಕಬ್ಬಿಣಕ್ಕೆ ಅಲ್ಲಲ್ಲಿ ತುಕ್ಕು ಹತ್ತಿತ್ತು. ಗೃಹಿಣಿ ಹುಣಿಸೆಹಣ್ಣು ಹಾಕಿ ತಿಕ್ಕಿ, ಎಣ್ಣೆ ಸವರಿ, ಒಲೆಯ ಮೇಲಿಟ್ಟು, ಒಂದು ಚಿಟಿಕೆ ಕಣಕವನ್ನು ಒಳಗೆ ಬಿಟ್ಟರು. ಚುಂಯ್ ಎಂದಿತು. ಹಜಾರದಲ್ಲಿ ಆಡುತ್ತಿದ್ದ ಮೊಮ್ಮಕ್ಕಳು ಆ ವಾಸನೆಗೆ ಅಡಿಗೆಮನೆಗೆ ಓಡಿಬಂದರು.

ಯಜಮಾನರು ತಕ್ಕಡಿ ತಂದಿದ್ದರು. ಕರಿಯುವ ಮೊದಲು ಎಣ್ಣೆ 1200 ಗ್ರಾಂ, ಮುಗಿದ ಮೇಲೆ 920. ಅರವತ್ತು ಕಡುಬುಗಳು ಕುಡಿದದ್ದು 280 ಗ್ರಾಂ. ಕಡುಬೊಂದಕ್ಕೆ ಹೆಚ್ಚುಕಡಮೆ ಒಂದು ಸಣ್ಣ ಚಮಚ. ಮೊಮ್ಮಗಳು ಅಜ್ಜನ ಪುಸ್ತಕದಲ್ಲಿ ಅದನ್ನು ಭಾಗಿಸಿ ಕೊಟ್ಟಳು. ಯಂತ್ರದಲ್ಲಿಯೂ ತುಪ್ಪ ಸವರಿದ ಆರು ಕಡುಬುಗಳನ್ನು ಬೇರೆಯಾಗಿ ಇಡಲಾಗಿತ್ತು. ಹೊಂಬಣ್ಣ ಬಂದಿತ್ತು, ನೋಡಲು ಏನೂ ಕೊರತೆಯಿಲ್ಲ. ಬಾಯಲ್ಲಿಟ್ಟರೆ ಹೊರಗಿನ ಕಣಕ ಕರಗುವ ಬದಲು ಮುರಿಯುತ್ತಿತ್ತು. ಮೊಮ್ಮಕ್ಕಳು ಅದನ್ನೇ ಮೆಚ್ಚಿಕೊಂಡು ಮೊದಲು ಖಾಲಿ ಮಾಡಿದವೆಂಬುದನ್ನೂ ಹೇಳಿಬಿಡಬೇಕು.

ಯಜಮಾನರ ಎಲೆಗೆ ಬಾಣಲೆಯ ಕಡುಬು ಎರಡು ಬಿದ್ದವು. ಮೂರನೆಯದಕ್ಕೆ ಅವರು ಕೈ ನೀಡಲಿಲ್ಲ; ಗೃಹಿಣಿಯೂ ಒತ್ತಾಯ ಮಾಡಲಿಲ್ಲ.

ಹಬ್ಬ ಮುಗಿದು ಹೊರಡುವಾಗ ಮಗಳು ತಾನೂ ಒಂದು ಏರ್ ಫ್ರೈಯರ್ ಕೊಳ್ಳಲೇ ಎಂದು ಕೇಳಿದಳು. ತಾಯಿ ಒಡನೆ ಉತ್ತರ ಕೊಡಲಿಲ್ಲ. “ನಿಮ್ಮ ಮನೆಯಲ್ಲಿ ನಾಲ್ವರು. ಹೊರಗಿನಿಂದ ವಾರಕ್ಕೆ ಎಷ್ಟು ಸಲ ಕರಿದದ್ದನ್ನು ತರಿಸುತ್ತೀರಿ?” ಎಂದು ಕೇಳಿದರು. ಮಗಳು ಬೆರಳೆಣಿಸತೊಡಗಿದಳು, ಒಂದು ಕೈ ಸಾಲಲಿಲ್ಲ. “ಹಾಗಾದರೆ ಕೊಂಡುಕೋ. ಇದಕ್ಕಿಂತ ದೊಡ್ಡ ಬುಟ್ಟಿಯದು ನೋಡು. ಆಲೂಗಡ್ಡೆ, ಬೆಂಡೆಕಾಯಿ, ಮಕ್ಕಳ ಸಂಜೆಯ ತಿಂಡಿ, ಇವಕ್ಕೆ ಚೆನ್ನ. ಬಜ್ಜಿ ಬೇಕೆಂದು ತೋರಿದ ದಿನ ಮಾತ್ರ ಅದನ್ನು ಗೋಳುಹೊಯ್ಯಬೇಡ, ಇಲ್ಲಿಗೆ ಬಂದುಬಿಡು.”

ಕಾರು ತಿರುವಿನಲ್ಲಿ ಮರೆಯಾದ ಮೇಲೆ ಯಜಮಾನರು ನೋಟ್ ಪುಸ್ತಕದಲ್ಲಿ ಹೊಸದೊಂದು ಅಂಕಣ ಗೆರೆಯೆಳೆದರು. ತಲೆಬರಹ: ‘ಹೊರಗೆ’. ಆ ದಿನದ ಸಾಲಿನಲ್ಲಿ ಸೊನ್ನೆ ಬರೆದು, ಹೆಂಡತಿಗೆ ತೋರಿಸಲು ಪುಸ್ತಕವನ್ನು ಅಡಿಗೆಮನೆಗೆ ಕೊಂಡೊಯ್ದರು. ಆಕೆ ಬಾಣಲೆಯನ್ನು ಒರೆಸುತ್ತಿದ್ದರು. ಅದು ಅಟ್ಟಕ್ಕೆ ಹೋಗಲಿಲ್ಲ; ಏರ್ ಫ್ರೈಯರಿನ ಪಕ್ಕದ ಮೊಳೆಗೆ ತೂಗುಬಿದ್ದಿತು.