ಗಾಲಿಯ ಮೇಲಿನ ಮನೆಗೆ ಎಷ್ಟು ಬೀಗ?

2023ರ ಜೂನ್ ತಿಂಗಳಲ್ಲಿ ನಾವು ದಂಪತಿಗಳು ಇಂಗ್ಲೆಂಡಿನ ಪೂರ್ವ ಭಾಗದ ಸಫೋಕ್ ಸೀಮೆಯಲ್ಲಿರುವ ಮಗಳ ಮನೆಗೆ ಹೋಗಿದ್ದೆವು. ಮನೆಯ ಮುಂದಿನ ಅಂಗಳದಲ್ಲಿ ಬಿಳಿಯ ಬಣ್ಣದ, ಎರಡು ಗಾಲಿಗಳ ಮೇಲೆ ನಿಂತ ಪುಟ್ಟ ಮನೆಯೊಂದು ನಮ್ಮನ್ನು ಎದುರುಗೊಂಡಿತು. ಆ ದೇಶದಲ್ಲಿ ಇದಕ್ಕೆ ಕ್ಯಾರವಾನ್ ಎನ್ನುತ್ತಾರೆ. ಒಳಗೆ ಮಲಗುವ ಹಾಸಿಗೆ, ಅಡುಗೆಯ ಒಲೆ, ನೀರಿನ ತೊಟ್ಟಿ, ಶೌಚಕ್ಕೊಂದು ಮೂಲೆ ಎಲ್ಲವೂ ಇರುತ್ತವೆ; ಇಂಜಿನ್ ಮಾತ್ರ ಇರುವುದಿಲ್ಲ. ಕಾರಿನ ಹಿಂದೆ ಕೊಂಡಿ ಸಿಕ್ಕಿಸಿ ಎಳೆದುಕೊಂಡು ಹೋಗಬೇಕು. ನಮ್ಮ ಹಿರಿಯರು ಕೊಲ್ಲಾರಿ ಬಂಡಿ ಕಟ್ಟಿ, ಬುತ್ತಿ ಹೇರಿಕೊಂಡು ಜಾತ್ರೆಗೆ ಹೋಗುತ್ತಿದ್ದುದು ನಮಗೆ ಆಗ ನೆನಪಾಯಿತು.

ಆದರೆ ಬಂಡಿಗೆ ಇಲ್ಲದ ಒಂದು ಸಂಗತಿ ಇಲ್ಲಿತ್ತು. ಮುಂದಿನ ಕೊಂಡಿಗೆ ಉಕ್ಕಿನ ಪೆಟ್ಟಿಗೆಯಂತಹ ಬೀಗ, ಗಾಲಿಗೆ ಹಳದಿ ಬಣ್ಣದ ಕಬ್ಬಿಣದ ಹಿಡಿಕೆ, ನೆಲದಲ್ಲಿ ನೆಟ್ಟ ಕಂಬ, ಬಾಗಿಲು ಅಲುಗಿದರೆ ಕೂಗುವ ಗಂಟೆ! ನಮ್ಮ ಮನೆಯವರು ನಗುತ್ತ, “ಇದೇನವ್ವ, ಮನೆಯೋ ಸೆರೆಮನೆಯೋ?” ಎಂದು ಕೇಳಿದರು. ಮಗಳು ನಗಲಿಲ್ಲ. “ಅಪ್ಪಾ, ನಗಬ್ಯಾಡ್ರಿ. ಇದು ನಮ್ಮ ಎರಡನೆಯ ಕ್ಯಾರವಾನ್. ಮೊದಲನೆಯದರ ಸುದ್ದಿ ನಿಮಗೆ ಹೇಳಿರಲಿಲ್ಲ” ಎಂದಳು.

ಸುದ್ದಿ ಇಷ್ಟು. ಎರಡು ವರ್ಷಗಳ ಹಿಂದೆ ಅವರು ಆರು ವರ್ಷಗಳ ಉಳಿತಾಯವನ್ನು ಸುರಿದು, ಅಪರಿಚಿತನೊಬ್ಬನಿಂದ ಹಳೆಯ ಕ್ಯಾರವಾನ್ ಕೊಂಡಿದ್ದರು. ಬೆಲೆ ಕಡಿಮೆಯೆಂದು ಹಿಗ್ಗಿದ್ದರು. ಮೊಮ್ಮಗಳು ಒಳಗಿನ ಕಪಾಟಿನ ಮೇಲೆ ತನ್ನ ಹೆಸರಿನ ಬಣ್ಣದ ಚೀಟಿ ಅಂಟಿಸಿದ್ದಳು. ನಾಲ್ಕು ತಿಂಗಳ ನಂತರ ದುರಸ್ತಿಗೆ ಒಯ್ದಾಗ, ಕಿಟಕಿಯ ಗಾಜಿನಲ್ಲಿ ಕೊರೆದಿದ್ದ ಸಂಖ್ಯೆಯನ್ನು ಯಾರೋ ಉಜ್ಜಿ ಅಳಿಸಿರುವುದು ದುರಸ್ತಿಯವನ ಕಣ್ಣಿಗೆ ಬಿತ್ತು. ಪೊಲೀಸರು ಬಂದರು. ಅದು ಕಳುವಿನ ಮಾಲು. ಕದ್ದ ವಸ್ತುವನ್ನು ತಿಳಿಯದೆ ಕೊಂಡರೂ ಕೊಂಡವನಿಗೆ ಒಡೆತನ ಬರುವುದಿಲ್ಲವೆಂಬುದು ಆ ದೇಶದ ಕಾನೂನು. ಮನೆಯೂ ಹೋಯಿತು, ಹಣವೂ ಹೋಯಿತು. ಮಾರಿದವನು ಸಿಗಲೇ ಇಲ್ಲ. ಈ ದುಃಖವನ್ನು ಮಕ್ಕಳು ನಮ್ಮಿಂದ ಎರಡು ವರ್ಷ ಮುಚ್ಚಿಟ್ಟಿದ್ದರೆಂಬುದು ನಮಗೆ ಹಣ ಹೋದುದಕ್ಕಿಂತ ಹೆಚ್ಚು ನೋವು ತಂದಿತು.

ಇಷ್ಟು ದೊಡ್ಡ ವಸ್ತುವನ್ನು ಹೇಗೆ ಕದಿಯುತ್ತಾರೆ? ಅಳಿಯಂದಿರು ವಿವರಿಸಿದರು. ಇಂಜಿನ್ ಇಲ್ಲದ್ದರಿಂದ ಇದಕ್ಕೆ ಚಾಲನೆಯ ಕೀಲಿಕೈ ಎಂಬುದೇ ಇಲ್ಲ. ಯುರೋಪಿನಾದ್ಯಂತ ಎಳೆಯುವ ಕಾರುಗಳ ಹಿಂದಿರುವ ಗುಂಡು ಒಂದೇ ಅಳತೆಯದು, 50 ಮಿಲಿಮೀಟರ್. ಯಾವ ಕಾರಾದರೂ ಸರಿಯೆ, ಕೆಲವೇ ನಿಮಿಷಗಳಲ್ಲಿ ಸಿಕ್ಕಿಸಿಕೊಂಡು ಹೊರಡಬಹುದು. ಇದಕ್ಕಿಂತ ಮುಖ್ಯವಾದ ಮಾತೊಂದಿದೆ. ಬ್ರಿಟನ್ನಿನಲ್ಲಿ ಕ್ಯಾರವಾನಿಗೆ ಸ್ವಂತ ಸರ್ಕಾರಿ ನೋಂದಣಿ ಇಲ್ಲ. ಎಳೆಯುವ ಕಾರಿನ ಸಂಖ್ಯೆಯನ್ನೇ ಹಿಂದೆ ತೂಗುಹಾಕಬೇಕು. ಆದ್ದರಿಂದ ಕಳ್ಳನು ತನ್ನ ಕಾರಿನ ಸಂಖ್ಯೆಯನ್ನು ಹಿಂದೆ ಅಂಟಿಸಿದೊಡನೆಯೆ ಅವನು ನೋಡುವವರ ಕಣ್ಣಿಗೆ ಸಾಚಾ ಪ್ರವಾಸಿಯಾಗುತ್ತಾನೆ!

ಈ ಕೊರತೆಯನ್ನು ತುಂಬಲು 1992ರಲ್ಲಿ ‘ಕ್ರಿಸ್’ ಎಂಬ ಗುರುತಿನ ಯೋಜನೆ ಅಲ್ಲಿ ಆರಂಭವಾಯಿತು. 17 ಅಕ್ಷರ-ಅಂಕಿಗಳ ಸಂಖ್ಯೆಯೊಂದನ್ನು ಕ್ಯಾರವಾನಿನ ಚೌಕಟ್ಟಿನ ಮೇಲೆಯೂ ಕಿಟಕಿಗಳ ಮೇಲೆಯೂ ಕೊರೆದು, ಒಡೆಯನ ಹೆಸರನ್ನು ದಫ್ತರಿನಲ್ಲಿ ಬರೆದಿಡುತ್ತಾರೆ. 2016ರಿಂದೀಚೆಗೆ ಹೊಸ ಕ್ಯಾರವಾನುಗಳಲ್ಲಿ ವಿದ್ಯುನ್ಮಾನ ಗುರುತುಗಳನ್ನೂ ಅಡಗಿಸಿಡುವ ಪದ್ಧತಿ ಬಂದಿದೆ. ಆದರೆ ಇದು ಕಾನೂನಿನ ಕಡ್ಡಾಯವಲ್ಲ. ಕಾವಲಿನ ಭಾರ ಬಹುಮಟ್ಟಿಗೆ ಒಡೆಯನ ಹೆಗಲ ಮೇಲೆಯೇ ಬೀಳುತ್ತದೆ. ಕೊಂಡಿಗೂ ಗಾಲಿಗೂ ಬೀಗ ಹಾಕಿರಲಿಲ್ಲವೆಂದು ತಿಳಿದರೆ ಅನೇಕ ವಿಮಾ ಕಂಪನಿಗಳು ಪರಿಹಾರವನ್ನೇ ನಿರಾಕರಿಸುತ್ತವೆ.

ಸೋಜಿಗವೆಂದರೆ, ವಿಹಾರಕ್ಕಾಗಿ ಕ್ಯಾರವಾನ್ ಕಟ್ಟಿಸುವ ಹವ್ಯಾಸ ಮೊದಲಾದುದೇ ಈ ದೇಶದಲ್ಲಿ. 1885ರಲ್ಲಿ ಗಾರ್ಡನ್ ಸ್ಟೇಬಲ್ಸ್ ಎಂಬ ನೌಕಾಪಡೆಯ ನಿವೃತ್ತ ವೈದ್ಯರು ‘ವಾಂಡರರ್’ ಎಂಬ ಬಂಡಿಯನ್ನು ಕಟ್ಟಿಸಿ, ಎರಡು ಕುದುರೆಗಳನ್ನು ಹೂಡಿ ಸಂಚಾರ ಹೊರಟಿದ್ದರು.

ಜುಲೈ ಮೊದಲ ವಾರದಲ್ಲಿ ನಾವು ಹಾರ್ವಿಚ್ ಬಂದರಿನಲ್ಲಿ ಕ್ಯಾರವಾನ್ ಸಮೇತ ಹಡಗನ್ನೇರಿ, ನೆದರ್ಲೆಂಡ್ಸಿನ ಹುಕ್ ವಾನ್ ಹಾಲೆಂಡಿನಲ್ಲಿ ಇಳಿದೆವು. ಕಪಾಟಿನಲ್ಲಿ ಕಟಕ ರೊಟ್ಟಿ, ಶೇಂಗಾ ಚಟ್ನಿಪುಡಿ, ಗುರೆಳ್ಳಿನ ಪುಡಿ ಇದ್ದುದರಿಂದ ಊಟದ ಚಿಂತೆ ಇರಲಿಲ್ಲ. ದಕ್ಷಿಣಕ್ಕೆ ಸಾಗಿ ಝೀಲ್ಯಾಂಡ್ ಪ್ರಾಂತದ ಕಡಲ ತೀರದ ಬಿಡಾರದಲ್ಲಿ ತಂಗಿದೆವು. ಸಾಲಾಗಿ ನಿಂತ ನೂರಾರು ಕ್ಯಾರವಾನುಗಳು. ಕುರ್ಚಿ, ಮೇಜು, ಮಕ್ಕಳ ಆಟಿಕೆಗಳು ರಾತ್ರಿಯೆಲ್ಲ ಹೊರಗೇ ಇರುತ್ತಿದ್ದವು. ಊರೊಳಗಿನ ಮನೆಗಳ ದೊಡ್ಡ ಕಿಟಕಿಗಳಿಗೂ ಪರದೆಯಿಲ್ಲ. ಒಳಗಿನವರು ಚಹಾ ಕುಡಿಯುವುದು ಬೀದಿಗೆ ಕಾಣುತ್ತದೆ.

ಅಳಿಯಂದಿರು ಗಾಲಿಗೆ ಹಳದಿ ಹಿಡಿಕೆ ತೊಡಿಸುತ್ತಿರುವುದನ್ನು ಕಂಡು ಪಕ್ಕದ ಬಿಡಾರದ ಡಚ್ ಹಿರಿಯರು ಹತ್ತಿರ ಬಂದು, ನಗೆಮೊಗದಿಂದ ತಮ್ಮ ಕ್ಯಾರವಾನಿನ ಹಿಂಬದಿಯನ್ನು ತೋರಿಸಿದರು. ಅದಕ್ಕೆ ಕಾರಿನದಲ್ಲದ, ತನ್ನದೇ ಆದ ನಂಬರ್ ಪ್ಲೇಟ್ ಇತ್ತು. ಆ ದೇಶದಲ್ಲಿ 750 ಕಿಲೋಗ್ರಾಂ ಮೀರಿದ ಕ್ಯಾರವಾನಿಗೆ ಸ್ವಂತ ನೋಂದಣಿ ಕಡ್ಡಾಯ. “ಇದರ ಹೆಸರು ಸರ್ಕಾರಕ್ಕೆ ಗೊತ್ತು” ಎಂದರು. ಸಂಜೆ ಅದೇ ಹಿರಿಯರು ಪೇಟೆಯಿಂದ ಸೈಕಲ್ ಮೇಲೆ ಮರಳಿದರು. ಹಳೆಯ, ತುಕ್ಕು ಹಿಡಿದ ಸೈಕಲ್. ಅದರ ಹಿಂದಿನ ಗಾಲಿಗೊಂದು ಬೀಗ ಒತ್ತಿ, ಮುಂಗೈ ಗಾತ್ರದ ಸರಪಳಿಯಿಂದ ಕಂಬಕ್ಕೆ ಬಿಗಿದರು! ಈ ಸಲ ನಗುವ ಸರದಿ ನಮ್ಮದಾಯಿತು, ಅವರೂ ನಕ್ಕರು. ಸೈಕಲ್ ಕಳ್ಳತನ ಆ ನಾಡಿನ ನಿತ್ಯದ ಗೋಳು. ಸೈಕಲ್ಲಿಗೆ ನಂಬರ್ ಪ್ಲೇಟ್ ಇಲ್ಲ ತಾನೆ!

ಮರುದಿನ ಪೂರ್ವ ಶೆಲ್ಟ್ ಖಾರಿಗೆ ಕಟ್ಟಿರುವ ಕಡಲ ತಡೆಗೋಡೆಯನ್ನು ನೋಡಿದೆವು. 1953ರ ಫೆಬ್ರವರಿ 1ರ ನಸುಕಿನಲ್ಲಿ ಇದೇ ಪ್ರಾಂತದ ಸುತ್ತಮುತ್ತ ಸಮುದ್ರ ಒಳನುಗ್ಗಿ, ಆ ದೇಶದಲ್ಲಿ 1,836 ಜನ ಅಸುನೀಗಿದರು. ಅನಂತರ ಕಟ್ಟಿದ ಗೋಡೆಗಳಲ್ಲಿ ದೊಡ್ಡದಾದ ಇದು 1986ರಲ್ಲಿ ಪೂರ್ಣಗೊಂಡಿತು. 62 ಉಕ್ಕಿನ ಕದಗಳಿವೆ. ಅವುಗಳ ಕೆಳಗೆ ನಿಂತಾಗ ನಮಗನ್ನಿಸಿತು: ಬಾಗಿಲಿಗೊಂದು ಬೀಗದಂತೆ ಮನೆಗೊಂದು ಗೋಡೆ ಕಟ್ಟಿ ಸಮುದ್ರವನ್ನು ತಡೆಯಲಾಗದು. ಇಡೀ ನಾಡು ಕೂಡಿ ಒಂದೇ ಕದ ಹಾಕಬೇಕು.

ಅಲ್ಲಿಂದ ಜರ್ಮನಿಗೆ ಹೋಗಿ, ಕೊಖೆಮ್ ಊರಿನ ಬಳಿ ಮೋಜೆಲ್ ನದಿಯ ದಂಡೆಯಲ್ಲಿ ಮೂರು ದಿನ ಇದ್ದೆವು. ಇಕ್ಕೆಲದ ಕಡಿದಾದ ಬೆಟ್ಟಗಳ ಮೇಲೆ ದ್ರಾಕ್ಷಿಯ ತೋಟಗಳು, ನೆತ್ತಿಯ ಮೇಲೆ ಕೋಟೆ. ಈ ದೇಶದ ಮೊದಲ ಕ್ಯಾರವಾನಿನ ಕಥೆ ನಮ್ಮ ಹೆಣ್ಣುಮಕ್ಕಳಿಗೆ ಹಿಡಿಸುವಂಥದು. ಇಸ್ನಿ ಎಂಬ ಊರಿನ ಆರಿಸ್ಟ್ ಡೆತ್‌ಲೆಫ್ಸ್ ಎಂಬವರು ವ್ಯಾಪಾರಕ್ಕಾಗಿ ಊರೂರು ಅಲೆಯುವವರು. ಅಗಲಿರಲಾರದೆ, ಬಾಳಸಂಗಾತಿಯೂ ಜೊತೆಗೆ ಬರುವಂತಾಗಲೆಂದು 1931ರಲ್ಲಿ ಗಾಲಿಯ ಮನೆಯನ್ನು ಕಟ್ಟಿದರು.

ಜರ್ಮನಿಯಲ್ಲಿಯೂ ಕ್ಯಾರವಾನಿಗೆ ಸ್ವಂತ ನಂಬರ್ ಪ್ಲೇಟ್ ಉಂಟು. ಅದರ ಮೇಲೆ ದುಂಡನೆಯ ಬಣ್ಣದ ಚೀಟಿ. ಎರಡು ವರ್ಷಕ್ಕೊಮ್ಮೆ ತಪಾಸಣೆಗೆ ಒಯ್ಯಬೇಕು. ಒಡೆತನದ ಪತ್ರ ಬೇರೆ ಇರುತ್ತದೆ. “ಆ ಪತ್ರವನ್ನು ನಾವು ಊರಿನ ಮನೆಯಲ್ಲಿಯೇ ಇಟ್ಟು ಬರುತ್ತೇವೆ. ಪತ್ರವಿಲ್ಲದ ಕ್ಯಾರವಾನನ್ನು ತಿಳಿದವರು ಕೊಳ್ಳುವುದಿಲ್ಲ” ಎಂದು ಪಕ್ಕದ ಬಿಡಾರದ ಗೃಹಿಣಿ ಹೇಳಿದರು. ಹಾಗೆಂದು ಅಲ್ಲಿ ಕಳ್ಳರೇ ಇಲ್ಲವೆಂದಲ್ಲ. ಕ್ಯಾರವಾನುಗಳು ಅಲ್ಲಿಯೂ ಕಳುವಾಗುತ್ತವೆ. ಆ ಗೃಹಿಣಿಯೂ ಕೊಂಡಿಗೆ ಬೀಗ ಹಾಕಿದ್ದರು. ಆದರೆ ಅವರ ಧೈರ್ಯ ನಿಂತದ್ದು ಬೀಗದ ಮೇಲಲ್ಲ, ಬರಹದ ಮೇಲೆ.

ಈ ಮಾತು ಕೇಳಿದಾಗ ನಮ್ಮ ತಂದೆಯವರು ಎತ್ತು ಕೊಳ್ಳುತ್ತಿದ್ದ ರೀತಿ ಕಣ್ಣಿಗೆ ಕಟ್ಟಿತು. ಸಂತೆಯಲ್ಲಿ ಹಲ್ಲು, ಸುಳಿ, ಗೊರಸು ನೋಡುವುದಕ್ಕೂ ಮೊದಲು ಮಾರುವವನ ಊರು ಯಾವುದು, ಮನೆತನ ಯಾವುದು, ಎತ್ತು ಹುಟ್ಟಿದ್ದು ಯಾರ ಕೊಟ್ಟಿಗೆಯಲ್ಲಿ ಎಂದು ವಿಚಾರಿಸುತ್ತಿದ್ದರು. ಬಲ್ಲವರೊಬ್ಬರು ಸಾಕ್ಷಿ ನಿಲ್ಲದೆ ಹಣ ಬಿಚ್ಚುತ್ತಿರಲಿಲ್ಲ. ಕೊಟ್ಟಿಗೆಗೆ ಬಾಗಿಲೇ ಇರಲಿಲ್ಲ. ಆದರೂ ಎತ್ತು ಯಾರದೆಂಬುದು ಹತ್ತೂರಿಗೆ ತಿಳಿದಿತ್ತು. ಹೆಸರುಳ್ಳ ವಸ್ತುವನ್ನು ಕದಿಯುವುದು ಸುಲಭವಿರಬಹುದು, ಮಾರುವುದು ಕಷ್ಟ. ಮಕ್ಕಳು ಪರದೇಶದಲ್ಲಿ ಬೆಲೆಯನ್ನು ಕೇಳಿದರು, ಪೂರ್ವಾಪರವನ್ನು ಕೇಳಲಿಲ್ಲ. ಕಳ್ಳನಿಗೆ ಒದಗಿದ್ದು ಬೀಗವಿಲ್ಲದ ಬಾಗಿಲು ಮಾತ್ರವಲ್ಲ, ವಿಚಾರಿಸದೆ ಕೊಳ್ಳುವ ಗಿರಾಕಿ ಕೂಡ.

ಹೊರದೇಶದಲ್ಲಿರುವ ನಮ್ಮ ಮಕ್ಕಳಿಗೆ ಇಷ್ಟು ಹೇಳಬೇಕೆನಿಸುತ್ತದೆ. ಹಳೆಯ ಕ್ಯಾರವಾನನ್ನಾಗಲಿ ಕಾರನ್ನಾಗಲಿ ಮಾರುವವನ ಮನೆಯಲ್ಲಿಯೇ ನೋಡಿರಿ; ರಸ್ತೆ ಬದಿಯಲ್ಲಿ ವ್ಯವಹಾರ ಬೇಡ. ಗಾಜಿನ ಮೇಲಿನ ಸಂಖ್ಯೆ, ಚೌಕಟ್ಟಿನ ಸಂಖ್ಯೆ, ಕಾಗದದ ಸಂಖ್ಯೆ ಮೂರೂ ಒಂದೇ ಆಗಿವೆಯೇ ಎಂದು ಹೋಲಿಸಿರಿ. ಅಲ್ಪ ಶುಲ್ಕ ಕೊಟ್ಟು ನೋಂದಣಿಯ ದಫ್ತರಿನಲ್ಲಿ ವಿಚಾರಿಸಿರಿ. ಒಡೆತನದ ಕಾಗದಗಳನ್ನು ವಾಹನದೊಳಗೆ ಇಡಬೇಡಿರಿ. ಮೋಸ ಹೋದರೆ ತಂದೆತಾಯಿಗಳಿಂದ ಮುಚ್ಚಿಡಬೇಡಿರಿ.

ಇಂಗ್ಲೆಂಡಿಗೆ ಮರಳಿದ ಸಂಜೆ ಮಗಳು ಇನ್ನೊಂದು ಮಾತು ಹೇಳಿದಳು. ಆ ಮೊದಲ ಕ್ಯಾರವಾನ್ ವೃದ್ಧ ದಂಪತಿಗಳದಂತೆ, ವಿಮೆಯನ್ನೂ ಮಾಡಿಸಿರಲಿಲ್ಲವಂತೆ. “ನಮ್ಮ ರೊಕ್ಕ ಹೋತು, ಅವ್ವಾ. ಆದ್ರ ಅವರ ಮನಿ ಅವರಿಗೆ ಸಿಕ್ತಲ್ಲ” ಎಂದಳು. ಮೊಮ್ಮಗಳ ಹೆಸರಿನ ಚೀಟಿ ಆ ಕಪಾಟಿನ ಮೇಲೆ ಈಗಲೂ ಇರಬಹುದು. ನಮ್ಮ ಮನೆಯವರು ಏನೂ ಮಾತಾಡದೆ ಎದ್ದುಹೋಗಿ, ಅಂದು ತಾವೇ ನಕ್ಕಿದ್ದ ಆ ಹಳದಿ ಹಿಡಿಕೆಯನ್ನು ಗಾಲಿಗೆ ತೊಡಿಸಿ, ಬೀಗ ಬಿದ್ದಿದೆಯೇ ಎಂದು ಎರಡು ಸಲ ಜಗ್ಗಿ ನೋಡಿ ಬಂದರು.