ತೆಳುಗಾಳಿಗೆ ಹಲ್ಲೂರಿದ ಅಲಗುಗಳು

ಶ್ರೀನಗರ. 1948ರ ಮೇ 24. ಬಾಲವನ್ನು ನೆಲಕ್ಕೂರಿ, ಮೂತಿಯನ್ನು ಆಕಾಶಕ್ಕೆತ್ತಿ ನಿಂತಿದೆ ಒಂದು ಡಕೋಟಾ ವಿಮಾನ. ಅದರ ಒಂದು ಎಂಜಿನ್ ಕೆಮ್ಮಿತು, ಹೊಗೆ ಉಗುಳಿತು. ಮೂರು ಅಲಗುಗಳ ಪ್ರೊಪೆಲ್ಲರ್ ತಡವರಿಸುತ್ತ ಒಂದು ಸುತ್ತು ಬಂತು, ಇನ್ನೊಂದು ಸುತ್ತು ಬಂತು, ಮರುಕ್ಷಣ ಅಲಗುಗಳೇ ಕಣ್ಣಿಗೆ ಕಾಣದಾದವು. ಅದರ ಹಿಂದೆಯೇ ಎರಡನೆಯ ಎಂಜಿನ್.

ಹೋಗಬೇಕಾದ ಊರು ಲೇಹ್. ನಕ್ಷೆಯ ಮೇಲೆ ನೇರ ಗೆರೆ ಎಳೆದರೆ ಸುಮಾರು 250 ಕಿಲೋಮೀಟರ್. ಬೆಂಗಳೂರಿನಿಂದ ಮಡಿಕೇರಿಗೆ ರಸ್ತೆಯಲ್ಲಿ ಇರುವಷ್ಟು ದೂರ. ಆದರೆ ಈ ಗೆರೆ ಹಿಮಾಲಯವನ್ನು ಸೀಳಿಕೊಂಡು ಹೋಗುತ್ತದೆ. ದಾರಿಯುದ್ದಕ್ಕೂ 15,000ದಿಂದ 24,000 ಅಡಿ ಎತ್ತರದ ಶಿಖರಗಳು. ವಿಮಾನದೊಳಗೆ ಒತ್ತಡ ಕಾಯುವ ವ್ಯವಸ್ಥೆ ಇಲ್ಲ. ರೆಕ್ಕೆಗೆ ಕಟ್ಟುವ ಹಿಮವನ್ನು ಕಳಚುವ ಸಾಧನ ಇಲ್ಲ. ದಾರಿ ತೋರುವ ವೈಮಾನಿಕ ನಕ್ಷೆಯೂ ಇಲ್ಲ. ಆ ದಿನದವರೆಗೆ ಲೇಹ್‌ನಲ್ಲಿ ಒಂದೇ ಒಂದು ವಿಮಾನ ಇಳಿದಿರಲಿಲ್ಲ.

ಚುಕ್ಕಾಣಿ ಹಿಡಿದವರು ಏರ್ ಕಮೊಡೋರ್ ಮೆಹರ್ ಸಿಂಗ್. ವಾಯುಪಡೆಯವರ ಬಾಯಲ್ಲಿ ‘ಬಾಬಾ’. ವಯಸ್ಸು 33. ಜೊತೆಗೆ ಕುಳಿತವರು ನಮ್ಮ ಮಡಿಕೇರಿಯಲ್ಲಿ ಹುಟ್ಟಿದ ಮೇಜರ್ ಜನರಲ್ ಕೊಡಂದೇರ ಸುಬ್ಬಯ್ಯ ತಿಮ್ಮಯ್ಯ. ಕಾಶ್ಮೀರದ ಯುದ್ಧಭೂಮಿಯಲ್ಲಿ ಒಂದು ಇಡೀ ಡಿವಿಷನ್ನಿನ ಹೊಣೆ ಹೊತ್ತ ದಂಡನಾಯಕ ಬೇರೆಯವರನ್ನು ಸಾವಿನ ಬಾಯಿಗೆ ಕಳಿಸಿ ತಾವು ನೆಲದ ಮೇಲೆ ಕಾಯುತ್ತ ಕೂರಲಿಲ್ಲ. ತಾವೇ ವಿಮಾನ ಹತ್ತಿದರು.

ಯಾಕೆ ಇಷ್ಟು ಅವಸರ? ಸ್ಕರ್ದು ಕೋಟೆಗೆ ಫೆಬ್ರವರಿಯಿಂದ ಪಾಕಿಸ್ತಾನದ ಪರ ಪಡೆಗಳ ಮುತ್ತಿಗೆ ಬಿದ್ದಿತ್ತು. ಮೇ ತಿಂಗಳಲ್ಲಿ ಕಾರ್ಗಿಲ್ ಕೈತಪ್ಪಿತು. ಅಲ್ಲಿಗೆ ಲೇಹ್‌ಗೆ ಹೋಗುವ ನೆಲದ ದಾರಿ ಕಡಿದುಹೋಯಿತು. ಊರಿನ ರಕ್ಷಣೆಗೆ ಉಳಿದದ್ದು ಹಿಡಿಯಷ್ಟು ಸೈನಿಕರು. ಅದೇ ಚಳಿಗಾಲದಲ್ಲಿ ಪೃಥಿ ಚಂದ್ ಎಂಬ ಅಧಿಕಾರಿ ಸುಮಾರು ನಲವತ್ತು ಸ್ವಯಂಸೇವಕರೊಂದಿಗೆ, ಹಿಮ ತುಂಬಿದ ಜೊಜಿ ಲಾ ಕಣಿವೆ ದಾಟಿ ಲೇಹ್ ಮುಟ್ಟಿದ್ದರು. ಅವರೊಡನೆ ನಡೆದುಬಂದ ಲಡಾಖಿ ಎಂಜಿನಿಯರ್ ಸೋನಂ ನೋರ್ಬು ಊರಿನವರ ಕೈ ಕೂಡಿಸಿ, ಸಿಂಧೂ ನದಿಯ ಬದಿಯಲ್ಲಿ ಕಲ್ಲು ಹೆಕ್ಕಿ, ಮಣ್ಣು ತಟ್ಟಿ ಒಂದು ಓಡುಹಾದಿ ಮಾಡಿಸಿದ್ದರು. ಎತ್ತರ ಹತ್ತೂವರೆ ಸಾವಿರ ಅಡಿಗೂ ಹೆಚ್ಚು. ಹಾದಿ ಸಿದ್ಧವಿತ್ತು. ಇಳಿಯುವ ಎದೆಗಾರಿಕೆ ಬೇಕಿತ್ತು.

ಎದೆಗಾರಿಕೆಯೊಂದಿದ್ದರೆ ಸಾಲದು. ಗಾಳಿಯೂ ಬೇಕು.

ಮೊಸರು ತೆಳುವಾದರೆ

ಪ್ರೊಪೆಲ್ಲರ್ ಅಂದರೆ ತಿರುಗುವ ರೆಕ್ಕೆ. ಅದರ ಒಂದೊಂದು ಅಲಗನ್ನೂ ಅಡ್ಡ ಕತ್ತರಿಸಿ ನೋಡಿದರೆ ವಿಮಾನದ ರೆಕ್ಕೆಯದೇ ಆಕಾರ. ಅಲಗು ಮುಂದಿನ ಗಾಳಿಯನ್ನು ಬಾಚಿ ಹಿಂದಕ್ಕೆ ಎಸೆಯುತ್ತದೆ. ಎಸೆದ ಗಾಳಿಯ ತೂಕ ಎಷ್ಟು, ಅದಕ್ಕೆ ಕೊಟ್ಟ ವೇಗ ಎಷ್ಟು ಎನ್ನುವುದರ ಮೇಲೆ ವಿಮಾನವನ್ನು ಮುಂದಕ್ಕೆಳೆಯುವ ಬಲ ನಿಂತಿದೆ.

ಕಡಲಮಟ್ಟದಲ್ಲಿ ಒಂದು ಘನ ಮೀಟರ್ ಗಾಳಿಯ ತೂಕ ಸುಮಾರು 1,225 ಗ್ರಾಂ. ಲೇಹ್‌ನ ಎತ್ತರದಲ್ಲಿ ಸುಮಾರು 860 ಗ್ರಾಂ. 20,000 ಅಡಿಯಲ್ಲಿ 650. 24,000 ಅಡಿಯಲ್ಲಿ 570. ಅಲಗು ಅದೇ, ಸುತ್ತು ಅಷ್ಟೇ, ಬಾಚಿಕೊಳ್ಳಲು ಸಿಗುವ ಗಾಳಿ ಮಾತ್ರ ಅರ್ಧಕ್ಕಿಂತ ಕಡಿಮೆ.

ಗಟ್ಟಿ ಮೊಸರಿಗೆ ಕಡಗೋಲು ಇಳಿಸಿದರೆ ತೋಳು ಸೋಲುತ್ತದೆ. ನೀರು ಮಜ್ಜಿಗೆಗೆ ಇಳಿಸಿದರೆ ಕಡಗೋಲು ಸರಸರನೆ ತಿರುಗುತ್ತದೆ, ಬೆಣ್ಣೆ ಮಾತ್ರ ಬರುವುದಿಲ್ಲ. ಎತ್ತರದಲ್ಲಿ ಪ್ರೊಪೆಲ್ಲರಿನ ಪಾಡು ಇದೇ. ತಡೆಯುವ ಗಾಳಿ ಇಲ್ಲದೆ ಅದು ಎಗ್ಗಿಲ್ಲದೆ ತಿರುಗಹೊರಡುತ್ತದೆ, ಎಂಜಿನ್ನನ್ನು ಅಪಾಯದ ವೇಗಕ್ಕೆ ದೂಡುತ್ತದೆ, ವಿಮಾನವನ್ನು ಎಳೆಯುವುದು ಮಾತ್ರ ಕಡಿಮೆ.

ಇದು ಸಾಲದೆಂಬಂತೆ ಎಂಜಿನ್ನಿಗೂ ಉಸಿರುಕಟ್ಟುತ್ತದೆ. ಡಕೋಟಾದ ಒಂದೊಂದು ಪ್ರಾಟ್ ಅಂಡ್ ವಿಟ್ನಿ ಎಂಜಿನ್ನಿಗೆ ನೆಲ ಬಿಡುವಾಗ 1,200 ಅಶ್ವಶಕ್ತಿ. ಗಾಳಿಯನ್ನು ಹಿಂಡಿ ಒಳಕ್ಕೆ ತುಂಬುವ ಸೂಪರ್‌ಚಾರ್ಜರ್ ಏಳೆಂಟು ಸಾವಿರ ಅಡಿಯವರೆಗೆ ಅದರ ಕಸುವನ್ನು ಹಿಡಿದಿಡುತ್ತದೆ. ಅಲ್ಲಿಂದ ಮೇಲೆ ಏರಿದಷ್ಟೂ ಕಸುವು ಸೋರುತ್ತದೆ.

ಹಾಗಾದರೆ ಹಿಮಾಲಯ ದಾಟುವುದು ಹೇಗೆ?

ಹದಿನೈದು ವರ್ಷ ಹಿಂದಿನ ಒಂದು ಬೆಟ್ಟ

ಉತ್ತರ ಸಿಕ್ಕಿದ್ದು ಇನ್ನೊಂದು ಪರ್ವತದ ಬುಡದಲ್ಲಿ. 1933, ಅಮೆರಿಕದ ಶೈಯಾನ್. ಆರು ಸಾವಿರ ಅಡಿ ಎತ್ತರದ ಊರು, ಆಚೆಗೆ ರಾಕಿ ಪರ್ವತಗಳು. ಬೋಯಿಂಗ್ 247 ಆ ಕಾಲದ ಅತ್ಯಾಧುನಿಕ ಪ್ರಯಾಣಿಕ ವಿಮಾನ. ಅದಕ್ಕೂ ಅಲ್ಲಿ ತುಂಬು ಹೊರೆಯೊಂದಿಗೆ ಏರಲು ತಿಣುಕಾಟ. ಕಾರಣ ಅದರ ಪ್ರೊಪೆಲ್ಲರ್. ಅಲಗಿನ ಕೋನವನ್ನು, ಅಂದರೆ ಪಿಚ್ಚನ್ನು, ಹಾರಾಟದ ನಡುವೆ ಬದಲಿಸುವಂತಿರಲಿಲ್ಲ. ಸಂಪಾಜೆ ಘಾಟಿಯನ್ನು ಟಾಪ್ ಗೇರಿನಲ್ಲೇ ಹತ್ತಲು ಹೊರಟ ಜೀಪಿನ ಸ್ಥಿತಿ ಅದು. ಎಂಜಿನ್ನಿನಲ್ಲಿ ಶಕ್ತಿಯಿದೆ, ಗಾಲಿಗೆ ಇಳಿಯುತ್ತಿಲ್ಲ.

ಹ್ಯಾಮಿಲ್ಟನ್ ಸ್ಟ್ಯಾಂಡರ್ಡ್ ಕಂಪನಿಯ ಎಂಜಿನಿಯರ್ ಫ್ರಾಂಕ್ ಕಾಲ್ಡ್‌ವೆಲ್ ಎಣ್ಣೆಯ ಒತ್ತಡದಿಂದ ಅಲಗು ಹೊರಳಿಸುವ ಪ್ರೊಪೆಲ್ಲರನ್ನು ಅದೇ ವಿಮಾನಕ್ಕೆ ಜೋಡಿಸಿದರು. ಎಂಜಿನ್ ಹಳೆಯದೇ. ಆದರೂ ಏರುವ ಮುಂಚಿನ ಓಟ ಶೇ 20ರಷ್ಟು ತಗ್ಗಿತು, ಏರುವ ವೇಗ ಶೇ 22ರಷ್ಟು ಹೆಚ್ಚಿತು. ವಾಯುಯಾನದ ಸಾಧನೆಗೆ ಕೊಡುವ ಆ ವರ್ಷದ ಕಾಲಿಯರ್ ಟ್ರೋಫಿ ಕಂಪನಿಗೆ ಸಂದಿತು, ಅದರ ಕೀರ್ತಿ ಅವರಿಗೆ. ಮೆಹರ್ ಸಿಂಗ್ ಅವರ ಡಕೋಟಾದ ಮೂಗಿನ ಎರಡೂ ಬದಿಗೆ ತಿರುಗುತ್ತಿದ್ದದ್ದು ಅದೇ ವಂಶದ, ಇನ್ನಷ್ಟು ಪಳಗಿದ ಪ್ರೊಪೆಲ್ಲರ್. ತನ್ನ ಕೋನವನ್ನು ತಾನೇ ಹೊಂದಿಸಿಕೊಳ್ಳುವ ಜಾತಿ.

ಅದರ ಒಡಲನ್ನು ಹತ್ತಿರದಿಂದ ನೋಡಬೇಕು. ಎಂಜಿನ್ನಿನ ಮೂತಿಯಲ್ಲಿ ಗವರ್ನರ್ ಎಂಬ ಪುಟ್ಟ ಯಂತ್ರ. ಅದರೊಳಗೆ ಗಿರಗಿರನೆ ಸುತ್ತುವ ಎರಡು ಸಣ್ಣ ತೂಕದ ಬಟ್ಟುಗಳು, ಅವನ್ನು ಒತ್ತಿ ಹಿಡಿದ ಒಂದು ಸ್ಪ್ರಿಂಗ್. ಎಂಜಿನ್ ವೇಗ ಮಿತಿ ಮೀರಿತೋ, ಬಟ್ಟುಗಳು ಹೊರಕ್ಕೆ ಚಿಮ್ಮಿ ಒಂದು ಕವಾಟವನ್ನು ಎತ್ತುತ್ತವೆ. ಎಣ್ಣೆ ನುಗ್ಗಿ ಪ್ರೊಪೆಲ್ಲರಿನ ಗುಮ್ಮಟದೊಳಗಿನ ಪಿಸ್ಟನ್ನನ್ನು ತಳ್ಳುತ್ತದೆ. ಹಲ್ಲುಗಾಲಿಗಳು ಹೊರಳುತ್ತವೆ. ಮೂರೂ ಅಲಗುಗಳು ಬುಡದಲ್ಲಿ ಒಟ್ಟಿಗೆ ಕೆಲವೇ ಡಿಗ್ರಿ ತಿರುಗಿ, ಗಾಳಿಯನ್ನು ಇನ್ನಷ್ಟು ಆಳವಾಗಿ ಕಚ್ಚುತ್ತವೆ. ಹೊರೆ ಹೆಚ್ಚುತ್ತದೆ, ಎಂಜಿನ್ ಹದಕ್ಕೆ ಬರುತ್ತದೆ. ವೇಗ ತಗ್ಗಿದರೆ ಇದೆಲ್ಲ ತಿರುಗಾಮುರುಗಾ. ಇಷ್ಟೂ ನಡೆಯುವುದು ಕ್ಷಣಾರ್ಧದಲ್ಲಿ.

ಜೊಜಿ ಲಾ ಮೇಲೆ

ಡಕೋಟಾ ಏರುತ್ತಿದೆ. ಕೆಳಗೆ ಸೋನಮರ್ಗ್, ಎದುರಿಗೆ ಜೊಜಿ ಲಾ. ಕಣಿವೆಯ ಬಾಯಿಯೇ 11,500 ಅಡಿ, ಎರಡೂ ಕಡೆ ಅದನ್ನು ಮೀರಿದ ಕಲ್ಲುಗೋಡೆ.

ಏರುವ ಒಂದೊಂದು ಸಾವಿರ ಅಡಿಗೂ ಅಲಗುಗಳು ಕೂದಲೆಳೆಯಷ್ಟು ಹೊರಳುತ್ತಿವೆ. ತೆಳುಗಾಳಿಯಲ್ಲಿ ತೇಲಿ ನಿಲ್ಲಬೇಕಾದರೆ ವಿಮಾನ ಹೆಚ್ಚು ವೇಗದಲ್ಲಿ ಸಾಗಲೇಬೇಕು. ವೇಗ ಹೆಚ್ಚಿದಷ್ಟೂ ಅಲಗಿಗೆ ಗಾಳಿ ಎದುರಾಗುವ ಕೋನ ಬದಲಾಗುತ್ತದೆ. ಅಲಗು ಅದಕ್ಕೆ ತಕ್ಕಂತೆ ಹೊರಳದಿದ್ದರೆ ಗಾಳಿಯ ಮೇಲೆ ಜಾರುತ್ತದೆ, ಅಷ್ಟೇ. ಹೊರಳಿದರೆ ಹಿಡಿತ ಉಳಿಯುತ್ತದೆ.

ಹಿಡಿತ ಉಳಿದೀತು, ಕಳೆದ ಗಾಳಿ ಮರಳದು. ಏರುವ ವೇಗ ಕುಸಿಯುತ್ತಲೇ ಹೋಗುತ್ತದೆ. ನಿಮಿಷಕ್ಕೆ ನೂರು ಅಡಿಯಷ್ಟೇ ಏರಬಲ್ಲ ಮಟ್ಟ ತಲುಪಿದರೆ ಅದೇ ಆ ವಿಮಾನದ ಸೂರು. ಡಕೋಟಾಕ್ಕೆ ಅದು ಇಪ್ಪತ್ತನಾಲ್ಕು ಸಾವಿರ ಅಡಿಯ ಆಸುಪಾಸು. ಸುತ್ತಲಿನ ಶಿಖರಗಳೂ ಅಷ್ಟೇ ಎತ್ತರ! ಮೇಲಿಂದ ಹಾದುಹೋಗುವ ಮಾತೇ ಇಲ್ಲ. ಕಣಿವೆ ಹಿಡಿದು, ಬೆಟ್ಟಗಳ ನಡುವೆ ನುಸುಳಿಕೊಂಡೇ ಸಾಗಬೇಕು. ತಪ್ಪು ಕಣಿವೆಗೆ ತಿರುಗಿದರೆ ಮೇಲಕ್ಕೆ ಎಳೆದುಕೊಳ್ಳುವ ಶಕ್ತಿ ಅಲಗುಗಳಲ್ಲಿ ಇಲ್ಲ.

ಇನ್ನು ಚಳಿ. ಇಪ್ಪತ್ತು ಸಾವಿರ ಅಡಿಯಲ್ಲಿ ಸಾಮಾನ್ಯವಾಗಿ ಸೊನ್ನೆಗಿಂತ 25 ಡಿಗ್ರಿ ಕೆಳಗೆ. ಪ್ರೊಪೆಲ್ಲರಿನ ಗುಮ್ಮಟದಲ್ಲಿ ನಿಂತ ಎಣ್ಣೆ ಜೇನಿನಂತೆ ಗಟ್ಟಿಯಾದರೆ ಅಲಗು ಹೊರಳುವುದೇ ನಿಲ್ಲುತ್ತದೆ. ಮೋಡದೊಳಗೆ ಹೊಕ್ಕರೆ ಅಲಗಿನ ಅಂಚಿಗೆ ಹಿಮ ಕಟ್ಟುತ್ತದೆ. ನಯವಾದ ಅಂಚು ಒರಟಾಗಿ, ಎಳೆಯುವ ಬಲ ಇನ್ನೂ ಇಳಿಯುತ್ತದೆ. ಒಂದು ಅಲಗಿನ ಹಿಮ ಕಳಚಿ ಇನ್ನೊಂದರದು ಉಳಿದರೆ ಇಡೀ ವಿಮಾನ ಗಡಗಡನೆ ನಡುಗುತ್ತದೆ. ಕಳಚಿದ ಗಡ್ಡೆ ಬಂಡೆಯಂತೆ ವಿಮಾನದ ಮೈಗೆ ಅಪ್ಪಳಿಸುತ್ತದೆ.

ಜೋರಾಗಿ ತಿರುಗಿಸಿ ಗೆಲ್ಲೋಣವೆಂದರೆ ಅಲ್ಲಿಯೂ ಗೋಡೆ. ಹನ್ನೊಂದೂವರೆ ಅಡಿ ಅಗಲದ ಆ ಪ್ರೊಪೆಲ್ಲರ್ ಪೂರ್ಣ ವೇಗದಲ್ಲಿ ತಿರುಗುವಾಗ ಅಲಗಿನ ತುದಿ ಸೆಕೆಂಡಿಗೆ ಸುಮಾರು 280 ಮೀಟರ್ ಓಡುತ್ತದೆ. ಕಡಲಮಟ್ಟದಲ್ಲಿ ಶಬ್ದದ ವೇಗ 340 ಮೀಟರ್. ಚಳಿಗೆ ಅದೂ ಕುಗ್ಗಿ, 20,000 ಅಡಿಯಲ್ಲಿ 316ಕ್ಕೆ ಇಳಿಯುತ್ತದೆ. ತುದಿ ಶಬ್ದದ ವೇಗವನ್ನು ಸಮೀಪಿಸಿದಂತೆ ಗಾಳಿ ಆಘಾತದ ಅಲೆಯಾಗಿ ಒಡೆಯುತ್ತದೆ, ಎಂಜಿನ್ನಿನ ಕಸುವೆಲ್ಲ ಸದ್ದಿಗೂ ಶಾಖಕ್ಕೂ ಪೋಲಾಗುತ್ತದೆ.

ಒಂದು ಎಂಜಿನ್ ಕೈಕೊಟ್ಟರೆ? ಸತ್ತ ಎಂಜಿನ್ನಿನ ಅಲಗುಗಳನ್ನು ಗಾಳಿಗೆ ಅಂಚಾಗಿ ನಿಲ್ಲಿಸಿ ತಡೆ ತಗ್ಗಿಸಬಹುದು. ಆದರೆ ತುಂಬು ಹೊರೆಯ ಡಕೋಟಾವನ್ನು ಉಳಿದ ಒಂದೇ ಎಂಜಿನ್ ಹಿಡಿದಿಡಬಲ್ಲ ಎತ್ತರ, ಲೇಹ್‌ನ ನೆಲಕ್ಕಿಂತಲೂ ಕೆಳಗೆ. ಕೆಳಗಿರುವ ಕಾರ್ಗಿಲ್ ಶತ್ರುವಿನ ಕೈಯಲ್ಲಿ.

ಇಷ್ಟೆಲ್ಲ ತಿಳಿದೇ ಮೆಹರ್ ಸಿಂಗ್ ಹಾರಿಸುತ್ತಿದ್ದರು. ತಿಮ್ಮಯ್ಯನವರು ಜೊತೆಗಿದ್ದರು.

ಇಳಿದದ್ದು, ಮತ್ತೆ ಏರಿದ್ದು

13,479 ಅಡಿಯ ಫೋತು ಲಾ ಹಿಂದೆ ಸರಿದ ಮೇಲೆ ಸಿಂಧೂ ಕಣಿವೆ. ಸ್ಪಿತುಕ್ ಗೊಂಪ, ಅಂದರೆ ಬೌದ್ಧ ಮಠ, ಇರುವ ಗುಡ್ಡ. ಅದರಾಚೆ ಬೂದುಬಣ್ಣದ ಮರಳುಗಾಡಿನಲ್ಲಿ ನೋರ್ಬು ಮಾಡಿಸಿದ ಹಾದಿ.

ಇಲ್ಲಿ ಕಣ್ಣಿಗೆ ಕಾಣದ ಒಂದು ಮೋಸ ಕಾದಿತ್ತು. ವೇಗಮಾಪಕ ತೋರಿಸುವುದು ಗಾಳಿಯ ಒತ್ತಡವನ್ನು. ಗಾಳಿ ತೆಳುವಾದರೆ ಮುಳ್ಳು ಎಂದಿನ ಅಂಕಿಯನ್ನೇ ತೋರಿಸುತ್ತದೆ, ನೆಲ ಮಾತ್ರ ಐದರಲ್ಲಿ ಒಂದು ಪಾಲು ಹೆಚ್ಚು ವೇಗದಲ್ಲಿ ನುಗ್ಗಿ ಬರುತ್ತದೆ. ನೆಲ ಮುಟ್ಟಿದ ಮೇಲಿನ ಓಟ ಕಡಲಮಟ್ಟದ ಒಂದೂವರೆ ಪಟ್ಟಿನ ಹತ್ತಿರ. ಇಳಿಯುವಾಗ ಎಡವಟ್ಟಾಗಿ ಮತ್ತೆ ಏರೋಣವೆಂದರೆ ಅಲಗುಗಳಿಗೆ ಸಿಗುವ ಗಾಳಿ ನೂರಕ್ಕೆ ಎಪ್ಪತ್ತು ಪಾಲು ಮಾತ್ರ. ಬಿಸಿಲೇರಿದರೆ ಅದಕ್ಕಿಂತ ಕಡಿಮೆ.

ಗಾಲಿಗಳು ನೆಲ ಮುಟ್ಟಿದವು. ಧೂಳೆದ್ದಿತು. ಡಕೋಟಾ ಓಡಿತು, ಓಡಿತು, ನಿಂತಿತು. ಲಡಾಖಿನ ಮಣ್ಣಿನ ಮೇಲೆ ಮೊದಲ ವಿಮಾನ!

ಇಳಿದದ್ದು ಅರ್ಧ ಕೆಲಸ. ಮರಳಿ ಏರಬೇಕು. ಈಗ ಅಲಗುಗಳು ಅತಿ ಕಡಿಮೆ ಕೋನಕ್ಕೆ ಹೊರಳಬೇಕು, ಎಂಜಿನ್ ತನ್ನ ಪೂರ್ಣ ಸುತ್ತು ಮುಟ್ಟಬೇಕು, ಇದ್ದಬದ್ದ ಗಾಳಿಯನ್ನೆಲ್ಲ ಬಾಚಬೇಕು. ಎಳೆಯುವ ಬಲ ಕಡಿಮೆ, ನೆಲ ಬಿಡಲು ಬೇಕಾದ ವೇಗ ಹೆಚ್ಚು. ಎರಡೂ ಸೇರಿ ಹಾದಿಯನ್ನು ನುಂಗುತ್ತ ಹೋಗುತ್ತವೆ. ಕೊನೆಗೆ ಬಾಲ ಎದ್ದಿತು, ಗಾಲಿಗಳು ನೆಲ ಬಿಟ್ಟವು, ವಿಮಾನ ಮತ್ತೆ ಬೆಟ್ಟಗಳತ್ತ ಮುಖ ಮಾಡಿತು.

ದಾರಿ ತೆರೆದಿತ್ತು. ಬಳಿಕ ಡಕೋಟಾಗಳು ಒಂದರ ಹಿಂದೊಂದು ಗೂರ್ಖಾ ಸೈನಿಕರನ್ನು ಹೊತ್ತು ಅದೇ ಹಾದಿಗೆ ಇಳಿದವು. ಲೇಹ್ ಉಳಿಯಿತು. ನವೆಂಬರ್ 1ರಂದು ತಿಮ್ಮಯ್ಯನವರು ಜೊಜಿ ಲಾ ಕಣಿವೆಗೆ ಟ್ಯಾಂಕುಗಳನ್ನೇ ಹತ್ತಿಸಿದರು, ಬಳಿಕ ನೆಲದ ದಾರಿಯನ್ನೂ ಬಿಡಿಸಿಕೊಂಡರು. ಮೆಹರ್ ಸಿಂಗ್ ಅವರಿಗೆ ಮಹಾವೀರ ಚಕ್ರ ಸಂದಿತು. 1952ರಲ್ಲಿ, ಇನ್ನೂ ನಲವತ್ತು ತುಂಬುವ ಮೊದಲೇ, ಬಿರುಗಾಳಿಯ ರಾತ್ರಿಯೊಂದರ ವಿಮಾನಾಪಘಾತದಲ್ಲಿ ಅವರು ತೀರಿಕೊಂಡರು.

ಅಲಗು ಮತ್ತು ಎತ್ತರದ ಹೋರಾಟ ಅಲ್ಲಿಗೆ ಮುಗಿಯಲಿಲ್ಲ. ಮುಂದೆ ವಾಯುಪಡೆಯ ಪ್ಯಾಕೆಟ್ ಎಂಬ ಸಾಗಣೆ ವಿಮಾನಗಳ ಬೆನ್ನ ಮೇಲೆ ಒಂದು ಜೆಟ್ ಎಂಜಿನ್ ಕೂರಿಸಿ ಪ್ರೊಪೆಲ್ಲರಿಗೆ ನೆರವಾದರು. ಬೆಂಗಳೂರಿನ ಎಚ್‌ಎಎಲ್‌ನಲ್ಲಿ ತಯಾರಾದ ಆರ್ಫಿಯಸ್ ಎಂಜಿನ್ ಕೂಡ ಆ ಕೆಲಸಕ್ಕೆ ಬಂತು. ಬಿಸಿಲೂ ಎತ್ತರವೂ ಕೂಡಿದ ನಮ್ಮ ನೆಲೆಗಳಿಗೆಂದೇ ದೊಡ್ಡ ಪ್ರೊಪೆಲ್ಲರುಗಳ ಎಎನ್-32 ಸಾಗಣೆ ವಿಮಾನ ಬಂತು. 2013ರ ಆಗಸ್ಟ್ 20ರಂದು ಆರು ಅಲಗುಗಳ ಪ್ರೊಪೆಲ್ಲರುಗಳುಳ್ಳ ಸಿ-130ಜೆ ವಿಮಾನ ಲಡಾಖಿನಲ್ಲಿ 16,614 ಅಡಿ ಎತ್ತರದ ದೌಲತ್ ಬೇಗ್ ಓಲ್ಡಿಯಲ್ಲಿ ಇಳಿಯಿತು. ಅಲಗುಗಳ ಸಂಖ್ಯೆ ಹೆಚ್ಚಿದೆ, ಆಕಾರ ಬದಲಾಗಿದೆ. ಬುಡದಲ್ಲಿ ಹೊರಳಿ ಗಾಳಿಗೆ ಹೊಂದಿಕೊಳ್ಳುವ ಆ ಕೆಲವು ಡಿಗ್ರಿಗಳ ವಿದ್ಯೆ ಮಾತ್ರ ಅದೇ.

ತಿಮ್ಮಯ್ಯನವರ ಮಡಿಕೇರಿಯ ಮನೆ ‘ಸನ್ನಿಸೈಡ್’ ಇಂದು ವಸ್ತುಸಂಗ್ರಹಾಲಯ. ಮಂಗಳೂರಿನ ಕಡೆಯಿಂದ ಅಲ್ಲಿಗೆ ಹೋಗುವಾಗ ಸಂಪಾಜೆ ಘಾಟಿಯ ತಿರುವಿನಲ್ಲಿ ಬಸ್ಸು ಏದುಸಿರು ಬಿಡುತ್ತದೆ. ಇನ್ನೇನು ನಿಂತಿತು ಅನ್ನುವಾಗ ಡ್ರೈವರ್ ಗೇರ್ ಬದಲಿಸುತ್ತಾರೆ. ಎಂಜಿನ್ನು ಹಳೆಯದೇ, ಏರು ಹಳೆಯದೇ, ಹಿಡಿತ ಬೇರೆ. ಬಸ್ಸು ಮೆಲ್ಲಗೆ ಮೇಲೇರುತ್ತದೆ. ಆ ಕ್ಷಣ ಜೊಜಿ ಲಾ ಮೇಲಿನ ಆ ಆರು ಅಲಗುಗಳನ್ನು, ಅವುಗಳ ಹಿಂದೆ ಕುಳಿತವರನ್ನು ಒಮ್ಮೆ ನೆನೆಯೋಣ.