ಪಾತ್ರ ಬಿಟ್ಟು ಬಂದವನು ಎಲ್ಲಿ ನಿಲ್ತಾನೆ?

ಹೂಡಿಯಲ್ಲಿ ಕಾಲೇಜು ಹುಡುಗ ಹುಡುಗಿಯರು ಆಡಿದ ಒಂದು ಬೀದಿ ನಾಟಕದ ಬಗ್ಗೆ ಬರೆದುಕೊಡು ಅಂತ ಗೆಳೆಯರು ಕೇಳಿದ್ದಾರೆ. ಚೆನ್ನಾಗಿತ್ತು ಅಂತ ಒಂದು ಮಾತಲ್ಲಿ ಮುಗಿಸಬಹುದಿತ್ತು. ಆದರೆ ಅದು ಮ್ಯಾನ್‌ಹೋಲಿನಲ್ಲಿ ಸತ್ತವರ ಮೇಲಿನ ನಾಟಕ. ನೋಡಲು ನಿಂತವರಲ್ಲಿ ಅಂಥ ಗುಂಡಿಗೆ ಇಳಿದು ಎದ್ದು ಬಂದವರೂ ಇದ್ದರು. ಅಂಥ ಕಡೆ ಚಪ್ಪಾಳೆ ತಟ್ಟಿ ಮನೆಗೆ ಹೋಗೋದು ಸುಲಭ. ಏನು ದಕ್ಕಿತು, ಏನು ದಕ್ಕಲಿಲ್ಲ ಅಂತ ಲೆಕ್ಕ ಹಾಕೋದು ಕಷ್ಟ. ಆ ಲೆಕ್ಕ ಇಲ್ಲಿದೆ.

ಮೊದಲು ಜಾಗ. ಹೂಡಿ ಹಿಂದೆ ಕೆರೆ, ಹೊಲ, ತೋಪು ಇದ್ದ ಊರು. ಈಗ ಅದರ ಸುತ್ತ ಐಟಿ ಕಂಪನಿಗಳು, ಫ್ಯಾಕ್ಟರಿಗಳು, ಗೇಟು ಹಾಕಿದ ಅಪಾರ್ಟ್‌ಮೆಂಟುಗಳು. 2023ರ ಮಾರ್ಚಿನಿಂದ ತಲೆ ಮೇಲೆ ಮೆಟ್ರೋ ಓಡಾಡ್ತಿದೆ. ಕೆಳಗೆ ಹಳೇ ರೈಲು. ಕೆಜಿಎಫ್‌ನ ಚಿನ್ನದ ಗಣಿ 2001ರ ಫೆಬ್ರವರಿ 28ಕ್ಕೆ ಮುಚ್ಚಿದ ಮೇಲೆ ಆ ಕಡೆಯ ಸಾವಿರಾರು ಮನೆಗಳ ಅನ್ನ ಈ ರೈಲಿನಲ್ಲೇ ಬರ್ತಿದೆ. ಸೆಕ್ಯೂರಿಟಿ, ಹೌಸ್‌ಕೀಪಿಂಗ್, ತೋಟದ ಕೆಲಸ, ಗುಂಡಿ ಕೆಲಸ. ನಾನೂ ಆ ಕಡೆಯವನೇ. ನಮ್ಮ ಮನೆಯಲ್ಲಿ ಡಿಗ್ರಿ ಮುಗಿಸಿದವರಲ್ಲಿ ಮೊದಲನೆಯವನು. ಹೂಡಿಯ ಒಂದು ರೂಮಿನಲ್ಲಿ ನಾಲ್ಕು ಜನ ಇದ್ದೀವಿ. ಹಗಲು ಗೋಡೌನಿನಲ್ಲಿ ಲೆಕ್ಕ ಬರೀತೀನಿ. ರಾತ್ರಿ ಪದ್ಯ ಬರೀತೀನಿ.

ನಾಟಕ ಆದದ್ದು ಸಂಜೆ, ಒಂದು ಖಾಲಿ ಸೈಟಿನಲ್ಲಿ. ಪರದೆ ಇಲ್ಲ, ಬಣ್ಣದ ದೀಪ ಇಲ್ಲ. ನೆಲದ ಮೇಲೆ ಸುಣ್ಣದಲ್ಲಿ ಬರೆದ ಒಂದು ಸುತ್ತು, ಅದೇ ಮ್ಯಾನ್‌ಹೋಲು. ಕತೆ ಇಷ್ಟೇ: ಅಪಾರ್ಟ್‌ಮೆಂಟಿನ ಗುಂಡಿ ಕಟ್ಟಿಕೊಳ್ತದೆ. ಕಂಟ್ರಾಕ್ಟರು ಇಬ್ಬರನ್ನು ಕರೆತರ್ತಾನೆ. ಇಬ್ಬರೂ ಇಳೀತಾರೆ. ಇಬ್ಬರೂ ಮೇಲೆ ಬರೋದಿಲ್ಲ. ಇದನ್ನು ಶುರುವಿಗೇ ಹೇಳಿಬಿಟ್ಟರು. ಒಬ್ಬ ಹುಡುಗಿ ರಟ್ಟು ಎತ್ತಿ ಹಿಡಿದಳು. 'ಈ ಆಟದ ಕೊನೆಗೆ ಇಬ್ಬರು ಸಾಯ್ತಾರೆ. ಯಾರು ಸಾಯಿಸಿದರು ಅಂತ ನೋಡ್ತಾ ಇರಿ' ಅಂತ ಬರೆದಿತ್ತು. ನಟರು ನಮ್ಮ ಎದುರಿಗೇ ಅಂಗಿ ಬದಲಾಯಿಸಿದರು. ಕೆಲವು ಮಾತುಗಳಿಗೆ 'ಅಂತ ಅವನು ಅಂದ' ಅಂತ ಸೇರಿಸಿ ಹೇಳಿದರು. ಇನ್ನೇನು ಅಳು ಬರಬೇಕು ಅನ್ನುವಾಗ ತಮಟೆ ಬಡಿದು ಆಟ ನಿಲ್ಲಿಸಿದರು.

ಈ ರೀತಿ ಜರ್ಮನಿಯ ಬ್ರೆಕ್ಟ್‌ನದು. ನೋಡುವವನು ಕತೆಯಲ್ಲಿ ಮುಳುಗಿ, ಅತ್ತು, ಹಗುರಾಗಿ ಮನೆಗೆ ಹೋಗಬಾರದು. ದಿನಾ ನೋಡಿ ನೋಡಿ ಸಹಜ ಅನ್ನಿಸಿಬಿಟ್ಟದ್ದು ಇದ್ದಕ್ಕಿದ್ದಂತೆ ವಿಚಿತ್ರವಾಗಿ ಕಾಣಬೇಕು. 'ಇದು ಹೀಗೇ ಯಾಕಿರಬೇಕು' ಅಂತ ಅವನು ಕೇಳಬೇಕು. ಅದಕ್ಕೆ ನಟನನ್ನು ಪಾತ್ರದಿಂದ, ಪ್ರೇಕ್ಷಕನನ್ನು ಆಟದಿಂದ ಒಂದಿಷ್ಟು ದೂರ ಇಡಬೇಕು. 1935ರಲ್ಲಿ ಮಾಸ್ಕೋದಲ್ಲಿ ಚೀನಾದ ನಟ ಮೇ ಲಾನ್‌ಫಾಂಗ್‌ನ ಅಭಿನಯ ನೋಡಿದ ಬ್ರೆಕ್ಟ್ ಮರುವರ್ಷ ಈ ದೂರದ ಬಗ್ಗೆ ಲೇಖನ ಬರೆದ. ತಾಲೀಮಿನಲ್ಲಿ ನಟರು ತಮ್ಮ ಮಾತಿಗೆ 'ಅವನು ಅಂದ' ಅಂತ ಸೇರಿಸಿ ಹೇಳಿ ನೋಡಬೇಕು ಅಂದವನೂ ಅವನೇ. ನಮ್ಮ ವಿಮರ್ಶಕರು ಇದಕ್ಕೆ ದೊಡ್ಡ ದೊಡ್ಡ ಸಂಸ್ಕೃತದ ಹೆಸರು ಇಟ್ಟಿದ್ದಾರೆ. ನಾನು 'ದೂರ ಇಡೋದು' ಅಂತಲೇ ಬರೀತೀನಿ. ಆ ಮಾತು ನಮಗೆ ಗೊತ್ತಿರೋದು.

ನಮ್ಮಪ್ಪ 'ಕುರುಕ್ಷೇತ್ರ'ದಲ್ಲಿ ದುರ್ಯೋಧನ ಆಗ್ತಿದ್ದ. ಕೇರಿಯವರೇ ಚಂದಾ ಹಾಕಿ, ಹಾರ್ಮೋನಿಯಂ ಮೇಷ್ಟ್ರನ್ನು ಕರೆಸಿ ಕಲಿತ ನಾಟಕ. ದುರ್ಯೋಧನನ ಪಾತ್ರಕ್ಕೆ ಎಲ್ಲರಿಗಿಂತ ಹೆಚ್ಚು ದುಡ್ಡು ಕಟ್ಟಬೇಕು. ಅಪ್ಪ ಕುರಿ ಮಾರಿ ಕಟ್ಟಿದ್ದ. ರಾತ್ರಿಯೆಲ್ಲ ಕಿರೀಟ ಇಟ್ಟು ಗದೆ ಎತ್ತಿ ಆರ್ಭಟಿಸಿದವನು ಬೆಳಿಗ್ಗೆ ಗೌಡರ ಕೊಟ್ಟಿಗೆಯಲ್ಲಿ ಸಗಣಿ ಬಾಚ್ತಿದ್ದ. ಕಿವಿ ಹಿಂದೆ ಬಣ್ಣ ಇನ್ನೂ ಹಾಗೇ ಇರ್ತಿತ್ತು. 'ಏನೋ ದುರ್ಯೋಧನ, ಬೇಗ್ ಬೇಗ್ ಬಾಚೋ' ಅಂತ ಗೌಡರ ಮನೆಯ ಹುಡುಗ, ಅಪ್ಪನ ಅರ್ಧ ವಯಸ್ಸಿನವನು, ನಗ್ತಿದ್ದ. ಸತ್ತು ಬಿದ್ದ ಅಭಿಮನ್ಯು 'ಒನ್ಸ್ ಮೋರ್' ಅಂದ ಕೂಡಲೆ ಎದ್ದು ಇನ್ನೊಂದು ಸಲ ಹಾಡಿದರೂ ಊರಿಗೆ ಆಶ್ಚರ್ಯ ಇರಲಿಲ್ಲ. ನಟ ಬೇರೆ, ಪಾತ್ರ ಬೇರೆ ಅಂತ ನಮ್ಮೂರಿಗೆ ಯಾರೂ ಹೇಳಿಕೊಡಬೇಕಿರಲಿಲ್ಲ. ಅಪ್ಪ ಪಾತ್ರ ಬಿಟ್ಟರೆ ಎಲ್ಲಿಗೆ ಬರ್ತಾನೆ ಅನ್ನೋದು ಅಪ್ಪನಿಗೂ ಗೊತ್ತಿತ್ತು, ಊರಿಗೂ ಗೊತ್ತಿತ್ತು.

ಹಾಗಾಗಿ ಹೂಡಿಯ ನಾಟಕವನ್ನು ನಾನು ಈ ಒಂದು ಪ್ರಶ್ನೆ ಇಟ್ಕೊಂಡೇ ನೋಡಿದೆ. ಪಾತ್ರ ಬಿಟ್ಟು ಹೊರಗೆ ಬಂದವನು ಎಲ್ಲಿ ಬಂದು ನಿಲ್ತಾನೆ?

ದಕ್ಕಿದ್ದನ್ನು ಮೊದಲು ಹೇಳ್ತೀನಿ. ಅಪಾರ್ಟ್‌ಮೆಂಟಿನ ಲಿಫ್ಟಿನ ಪಕ್ಕ ಅಂಟಿಸಿರ್ತಾರಲ್ಲ, ಮನೆಗೆಲಸದವರು, ಡೆಲಿವರಿ ಹುಡುಗರು ಸರ್ವೀಸ್ ಲಿಫ್ಟಿನಲ್ಲೇ ಹೋಗಬೇಕು ಅಂತ. ಆ ಸೂಚನೆಯನ್ನು ಮೂರು ಸಲ ಓದಿದರು. ಮೊದಲ ಸಲ ಪುರೋಹಿತರು ಮಂತ್ರ ಹೇಳುವ ರಾಗದಲ್ಲಿ. ಎರಡನೇ ಸಲ ಸ್ಕೂಲ್ ಮಕ್ಕಳ ಪ್ರಾರ್ಥನೆಯ ಹಾಗೆ, ಕೈ ಮುಗಿದು. ಮೂರನೇ ಸಲ ಲಿಫ್ಟಿನೊಳಗಿನ ಯಂತ್ರದ ದನಿಯಲ್ಲಿ. ಒಂದಕ್ಷರ ಬದಲಾಗಲಿಲ್ಲ. ನನ್ನ ಮುಂದೆ ನಿಂತಿದ್ದ ಹೆಂಗಸೊಬ್ಬರು ಪಕ್ಕದವರ ತೋಳು ಹಿಡಿದು 'ಇದು ನಮ್ ಬಿಲ್ಡಿಂಗೇ ಕಣಕ್ಕ' ಅಂದರು. ಜನ ನಕ್ಕರು. ನಗ್ತಾ ನಗ್ತಾ ಮಂತ್ರವೂ ಲಿಫ್ಟೂ ಒಂದೇ ಮಾತಾಡ್ತಿವೆ ಅನ್ನೋದು ಎಲ್ಲರಿಗೂ ತಿಳೀತು. ದಿನಾ ಹತ್ತಿ ಇಳಿಯುವ ಲಿಫ್ಟು ವಿಚಿತ್ರವಾಗಿ ಕಾಣಿಸಿತು. ಬ್ರೆಕ್ಟ್ ಕೇಳಿದ್ದು ಇದನ್ನೇ.

ಇನ್ನೊಂದು, ಕಾನೂನಿನ ದೃಶ್ಯ. 1970ರ ದಶಕದಲ್ಲಿ ಮಂತ್ರಿಯಾಗಿದ್ದ ಬಿ. ಬಸವಲಿಂಗಪ್ಪನವರು ತಲೆ ಮೇಲೆ ಮಲ ಹೊರುವುದನ್ನು ನಮ್ಮ ರಾಜ್ಯದಲ್ಲಿ ನಿಷೇಧಿಸಿದರು. ತಲೆಯಿಂದ ಇಳಿದ ಕೆಲಸ ನೆಲದೊಳಕ್ಕೆ ಹೋಯ್ತು. 1993ರಲ್ಲಿ ಕೇಂದ್ರದ ಕಾನೂನು, 2013ರಲ್ಲಿ ಇನ್ನೊಂದು ಕಾನೂನು. 2014ರಲ್ಲಿ ಸುಪ್ರೀಂ ಕೋರ್ಟು ಗುಂಡಿಯಲ್ಲಿ ಸತ್ತವರ ಮನೆಗೆ 10 ಲಕ್ಷ ಕೊಡಿ ಅಂತು. 2023ರ ಅಕ್ಟೋಬರಿನಲ್ಲಿ ಅದನ್ನು 30 ಲಕ್ಷ ಮಾಡಿತು. ಇಷ್ಟನ್ನೂ ಒಬ್ಬ ಹುಡುಗ ತರಕಾರಿ ಗಾಡಿಯವನು ರೇಟು ಕೂಗುವ ಹಾಗೆ ಕೂಗಿದ. ಕೊನೆಗೆ 'ರೇಟು ಏರಿದೆ, ಮಾಲು ಅದೇ' ಅಂದ. ಯಾರೂ ನಗಲಿಲ್ಲ.

ಇನ್ನು ದಕ್ಕದೇ ಹೋದದ್ದು. ಕಂಟ್ರಾಕ್ಟರನ ಪಾತ್ರದ ಹುಡುಗ ಕೆಟ್ಟ ಮಾತು ಆಡ್ತಾ ಆಡ್ತಾ ನಿಲ್ಲಿಸಿ, ಅಂಗಿ ಕಳಚಿ, ನಮ್ಮ ಕಡೆ ತಿರುಗಿ, 'ನಾನು ಕಂಟ್ರಾಕ್ಟರ್ ಅಲ್ಲ. ನಾನು ಎರಡನೇ ವರ್ಷದ ವಿದ್ಯಾರ್ಥಿ. ಈ ಮಾತು ನನ್ನದಲ್ಲ' ಅಂದ. ಅಪಾರ್ಟ್‌ಮೆಂಟಿನ ಸೆಕ್ರೆಟರಿ ಆದವಳೂ ಹಾಗೇ ಅಂದಳು. ಪುಸ್ತಕದ ಪ್ರಕಾರ ಸರಿ. ನಟ ಪಾತ್ರದಿಂದ ದೂರ ನಿಂತ. ಆದರೆ ಅಲ್ಲಿ ಆದದ್ದೇನು? ಆಡಿದವರಿಗೂ ಸಮಾಧಾನ, ನೋಡಿದವರಿಗೂ ಸಮಾಧಾನ. ಕೆಟ್ಟವನು ಇಲ್ಲಿ ಯಾರೂ ಇಲ್ಲ, ಎಲ್ಲೋ ಬೇರೆ ಕಡೆ ಇದ್ದಾನೆ ಅಂತ ಆಯ್ತು. ದೂರ ನಿಲ್ಲೋದು ಅಂದರೆ ಕೈ ತೊಳೆಯೋದಲ್ಲ. 'ನಾನು ಕಂಟ್ರಾಕ್ಟರ್ ಅಲ್ಲ' ಅಂದ ಹುಡುಗ ಮುಂದಿನ ಮಾತು ಆಡಬೇಕಿತ್ತು: ನಾನು ಎಲ್ಲಿ ಮಲಗ್ತೀನಿ, ನಮ್ಮ ಮನೆಯ ಗುಂಡಿ ಕಟ್ಟಿದಾಗ ಯಾರು ಬರ್ತಾರೆ, ಅವರಿಗೆ ನೀರು ಯಾವ ಲೋಟದಲ್ಲಿ ಕೊಡ್ತೀವಿ. ಅಂಥ ಲೋಟ ಇಲ್ಲದ ಮನೆಯಿಂದ ಬಂದವನಾದರೆ ಅದನ್ನೇ ಹೇಳಲಿ. ಜಾತಿ ಇರುವ ದೇಶದಲ್ಲಿ ಪಾತ್ರದಿಂದ ಹೊರಗೆ ಬಂದವನು ಬರೀ 'ವಿದ್ಯಾರ್ಥಿ' ಆಗಿ ನಿಲ್ಲೋಕೆ ಆಗಲ್ಲ. ನಮ್ಮಪ್ಪ ಬರೀ 'ನಟ' ಆಗಿ ನಿಲ್ಲೋಕೆ ಆಗಲಿಲ್ಲವಲ್ಲ.

ಎರಡನೆಯದು ಇನ್ನೂ ಗಂಭೀರ. ಸಾಯುವ ಇಬ್ಬರಿಗೆ ಮುಖಕ್ಕೆಲ್ಲ ಬಿಳಿ ಬಣ್ಣ ಬಳಿದಿದ್ದರು. ಕೊರಳಲ್ಲಿ 'ಕಾರ್ಮಿಕ 1', 'ಕಾರ್ಮಿಕ 2' ಅನ್ನೋ ರಟ್ಟು. ಅವರಿಗೆ ಮಾತಿಲ್ಲ, ಹೆಸರಿಲ್ಲ, ಊರಿಲ್ಲ. ಎಲ್ಲರೂ ಪಾತ್ರ ಬಿಟ್ಟು ಹೊರಗೆ ಬಂದು ಮಾತಾಡಿದರು, ಇವರಿಬ್ಬರು ಬರಲೇ ಇಲ್ಲ. ದೂರ ಇಡುವ ತಂತ್ರದಿಂದ ಯಾರನ್ನು ದೂರ ಇಡ್ತಿದ್ದೀವಿ ಅಂತ ತಂಡ ಯೋಚಿಸಬೇಕಿತ್ತು. ಗುಂಡಿಗೆ ಇಳಿಯುವವನು ನಗರಕ್ಕೆ ಮೊದಲೇ ಪರಕೀಯ. ಅವನ ಮುಖ ನೋಡಿದವರಿಲ್ಲ. ಅವನಿಗೆ ಮತ್ತೆ ಬಿಳಿ ಬಣ್ಣ ಬಳಿದರೆ ಏನು ಹೊಸದು ಕಂಡ ಹಾಗಾಯ್ತು? ವಿಚಿತ್ರವಾಗಿ ಕಾಣಬೇಕಾದದ್ದು ಸರ್ವೀಸ್ ಲಿಫ್ಟು, ಗೇಟಿನ ರಿಜಿಸ್ಟರು, ಸೊಸೈಟಿಯ ಮೀಟಿಂಗು, ಅಲ್ಲಿ ಕೂತವರ ಮೆತ್ತಗಿನ ಮಾತು. ಸತ್ತವನು ಹತ್ತಿರ ಕಾಣಬೇಕಿತ್ತು.

ಇದು ಬರೀ ನನ್ನ ವಾದ ಅಲ್ಲ. ಆ ಸಂಜೆಯೇ ಇದಕ್ಕೆ ಉತ್ತರ ಸಿಕ್ಕಿತು. ಆಟ ಮುಗಿದ ಮೇಲೆ ಹುಡುಗಿಯೊಬ್ಬಳು 'ನೀವು ಅಲ್ಲಿದ್ದಿದ್ದರೆ ಏನು ಮಾಡ್ತಿದ್ರಿ?' ಅಂತ ಜನರನ್ನು ಕೇಳಿದಳು. ಯಾರೂ ಮಾತಾಡಲಿಲ್ಲ. ಆಮೇಲೆ ಐವತ್ತು ದಾಟಿದ ಒಬ್ಬರು ಚಪ್ಪಲಿ ಬಿಟ್ಟು ಆ ಸುಣ್ಣದ ಸುತ್ತಿನ ಹತ್ತಿರ ಬಂದರು. 'ಹಂಗೆ ಇಳಿಯಲ್ಲಮ್ಮ' ಅಂದರು. 'ಮುಚ್ಚಳ ತೆಗೆದು ಸುಮ್ಕೆ ನಿಂತ್ಕೋಬೇಕು. ಜಿರಳೆ ಓಡಾಡ್ತಾ ಇದ್ದಾವಾ ನೋಡ್ಬೇಕು. ಇದ್ರೆ ಉಸಿರಾಡ್ಬೋದು ಅಂತ ನಮ್ ಲೆಕ್ಕ. ಇನ್ನು ವಾಸನೆ. ಎಲ್ರೂ ವಾಸನೆಗೆ ಹೆದರ್ತಾರೆ. ವಾಸನೆ ಬರೋವಾಗ ಭಯ ಇಲ್ಲ. ಒಳಗೆ ಇಳಿದ್ಮೇಲೆ ಇದ್ದಕ್ಕಿದ್ದಂಗೆ ವಾಸನೆ ನಿಂತೋದ್ರೆ, ಆಗ ಭಯ.' ಹಗ್ಗ ಎಲ್ಲಿ ಕಟ್ಟಬೇಕು, ಮೇಲಿನವನು ಎಷ್ಟು ಸಲ ಎಳೆದು ಕೇಳಬೇಕು ಅನ್ನೋದನ್ನು ಕೈಯಲ್ಲಿ ತೋರಿಸಿದರು. ಅಳಲಿಲ್ಲ, ಕೂಗಲಿಲ್ಲ. ತೋರಿಸಿ, ಚಪ್ಪಲಿ ಹಾಕ್ಕೊಂಡು, ಬಂದ ಜಾಗಕ್ಕೆ ಹೋದರು.

ಅವರು ಹೇಳಿದ ವಾಸನೆಯ ಮಾತು ವಿಜ್ಞಾನದ ಪ್ರಕಾರವೂ ನಿಜ. ಚರಂಡಿಯಲ್ಲಿ ಕೊಳೆತದ್ದರಿಂದ ಹುಟ್ಟುವ ಹೈಡ್ರೋಜನ್ ಸಲ್ಫೈಡ್ ಅನಿಲ ಮೊದಮೊದಲು ಕೊಳೆತ ಮೊಟ್ಟೆಯ ಹಾಗೆ ನಾರ್ತದೆ. ಪ್ರಮಾಣ ಹೆಚ್ಚಾದರೆ ಮೂಗಿನ ಶಕ್ತಿಯನ್ನೇ ಕೊಲ್ತದೆ. ವಾಸನೆ ಹೋಯ್ತು ಅಂದುಕೊಂಡವನು ಅಲ್ಲೇ ಕುಸೀತಾನೆ. ಅವನನ್ನು ಎತ್ತಲು ಇಳಿದ ಎರಡನೆಯವನೂ ಕುಸೀತಾನೆ. ನಾಟಕದಲ್ಲಿ ಇಬ್ಬರು ಸತ್ತರು. ಯಾಕೆ ಇಬ್ಬರು ಅಂತ ನಾಟಕ ಹೇಳಿರಲಿಲ್ಲ. ಆ ಅಣ್ಣ ಹೇಳಿದರು.

ಬ್ರೆಕ್ಟ್ 'ಬೀದಿಯ ದೃಶ್ಯ' ಅಂತ ಒಂದು ಲೇಖನ ಬರೆದಿದ್ದಾನೆ, 1938ರಲ್ಲಿ. ಬೀದಿಯಲ್ಲಿ ಅಪಘಾತ ಆಗ್ತದೆ. ಕಣ್ಣಾರೆ ಕಂಡವನೊಬ್ಬ ಅಲ್ಲಿ ನೆರೆದವರಿಗೆ ಡ್ರೈವರು ಹೇಗೆ ಮಾಡಿದ, ಪೆಟ್ಟು ತಿಂದವನು ಹೇಗೆ ನಡೆದ ಅಂತ ತೋರಿಸ್ತಾನೆ. ಅವನು ಡ್ರೈವರ್ ಆಗೋದಿಲ್ಲ, ತೋರಿಸ್ತಾನೆ ಅಷ್ಟೇ. ಕೇಳಿದವರು ತೀರ್ಪು ಕೊಡಬೇಕು. ತನ್ನ ರಂಗಭೂಮಿಗೆ ಇದೇ ಮಾದರಿ ಅಂದ ಬ್ರೆಕ್ಟ್. ಹೂಡಿಯಲ್ಲಿ ಆ ಮಾದರಿಯನ್ನು ಪೂರಾ ಆಡಿದವರು ಆ ಅಣ್ಣ ಒಬ್ಬರೇ.

ಆದರೆ ಬ್ರೆಕ್ಟ್‌ನ ಆ ಲೇಖನಕ್ಕೂ ನಮ್ಮದೊಂದು ಪ್ರಶ್ನೆ ಇದೆ. ಅವನ ಸಾಕ್ಷಿ ಬೀದಿಯಲ್ಲಿ ನಿಂತು ಕಂಡದ್ದು ಹೇಳಿ ಮನೆಗೆ ಹೋಗ್ತಾನೆ. ನಮ್ಮ ಸಾಕ್ಷಿ ಯಾವ ಮನೆಗೆ ಹೋಗಬೇಕು? ಇಲ್ಲಿಂದ ಬಸ್ಸಿನಲ್ಲಿ ಹೋಗಿ ಒಂದೇ ದಿನದಲ್ಲಿ ವಾಪಸ್ ಬರಬಹುದಾದಷ್ಟು ದೂರದಲ್ಲಿ, ಚಿಂತಾಮಣಿ ತಾಲ್ಲೂಕಿನ ಕಂಬಾಲಪಲ್ಲಿಯಲ್ಲಿ, 2000ದ ಮಾರ್ಚ್ 11ರಂದು 7 ಜನ ದಲಿತರನ್ನು ಸುಟ್ಟು ಕೊಂದರು. ಸಾಕ್ಷಿಗಳು ತಿರುಗಿ ಬಿದ್ದರು. 2006ರಲ್ಲಿ ಎಲ್ಲ ಆರೋಪಿಗಳೂ ಬಿಡುಗಡೆಯಾದರು. 2014ರಲ್ಲಿ ಹೈಕೋರ್ಟು ಅದನ್ನೇ ಎತ್ತಿಹಿಡಿಯಿತು. ಕಂಡದ್ದು ಹೇಳಿದವನು ಹೇಳಿದವರ ಎದುರಿಗೇ ನಾಳೆ ಕೂಲಿಗೆ ನಿಲ್ಲಬೇಕಾದ ಊರಿನಲ್ಲಿ, ಸಾಕ್ಷಿ ಹೇಳೋದು ತಂತ್ರ ಅಲ್ಲ, ಪ್ರಾಣದ ಪ್ರಶ್ನೆ. ಸುಣ್ಣದ ಸುತ್ತಿನ ಹತ್ತಿರ ಬಂದ ಅಣ್ಣನಿಗೂ ಮರುದಿನ ಅದೇ ಕಂಟ್ರಾಕ್ಟರ ಹತ್ತಿರವೇ ಕೆಲಸ ಇರಬಹುದು. ನಾಟಕದವರು ಅವರನ್ನು ಫೋನಿನಲ್ಲಿ ಹಿಡಿಯದೆ ಇದ್ದದ್ದು ನನಗೆ ಹಿಡಿಸಿತು.

ಕರ್ನಾಟಕದ ಬೀದಿಗಳಿಗೆ ಇಂಥ ನಾಟಕ ತಂದವರಲ್ಲಿ 1975ರಲ್ಲಿ ಹುಟ್ಟಿದ 'ಸಮುದಾಯ' ಮುಖ್ಯ. 1977ರ ಮೇ ತಿಂಗಳಲ್ಲಿ ಬಿಹಾರದ ಬೆಲ್ಚಿಯಲ್ಲಿ 11 ಜನರನ್ನು ಕೊಂದದ್ದು ಸಿ.ಜಿ. ಕೃಷ್ಣಸ್ವಾಮಿಯವರ ನಿರ್ದೇಶನದಲ್ಲಿ 'ಬೆಲ್ಚಿ' ಆಗಿ ನಮ್ಮ ಊರೂರಿಗೆ ಬಂತು. ಆ ಋಣ ದೊಡ್ಡದು. ಹಾಗಂತ ವಿದ್ಯಾರ್ಥಿಗಳ ನಾಟಕ ಅಂದರೆಲ್ಲ ನಮ್ಮ ಕಡೆಯೇ ಇರ್ತದೆ ಅನ್ನೋ ಹಾಗಿಲ್ಲ. 2023ರ ಫೆಬ್ರವರಿಯಲ್ಲಿ ಇದೇ ಬೆಂಗಳೂರಿನಲ್ಲಿ ಒಂದು ಕಾಲೇಜಿನ ಹುಡುಗರು ಅಂಬೇಡ್ಕರರನ್ನು, ಮೀಸಲಾತಿಯನ್ನು ಗೇಲಿ ಮಾಡುವ ಕಿರುನಾಟಕ ಆಡಿದರು. ಅದು ದಲಿತ ದೌರ್ಜನ್ಯ ತಡೆ ಕಾಯ್ದೆಯ ಕೇಸೂ ಆಯ್ತು. ಅಲ್ಲಿ ಸಭೆಯ ಮುಂದೆ ಆಡಿದ್ದು ಜಾತಿಯ ದಿನನಿತ್ಯದ ಮಾತನ್ನೇ. ನಡುವೆ ತಮಟೆ ಬಡಿದು ನಿಲ್ಲಿಸುವವರು ಇರಲಿಲ್ಲ. ಅದರ ಪಕ್ಕದಲ್ಲಿ ಇಟ್ಟು ನೋಡಿದರೆ ಹೂಡಿಯ ಹುಡುಗರು ಮಾಡಿದ್ದು ಸಣ್ಣ ಕೆಲಸ ಅಲ್ಲ. ಅದಕ್ಕೇ ಇಷ್ಟು ನಿಷ್ಠುರವಾಗಿ ಬರೆದಿದ್ದೀನಿ.

ತಂಡದ ಗೆಳೆಯರಿಗೆ ನನ್ನ ಮಾತು ಇಷ್ಟು. ಆ ಬಿಳಿ ಬಣ್ಣ ಬಿಡಿ. ಸತ್ತವರಿಗೆ ಹೆಸರು ಕೊಡಿ, ಮಾತು ಕೊಡಿ. ಕಂಟ್ರಾಕ್ಟರ್ ಆದವನು ಅಂಗಿ ಕಳಚಿದ ಮೇಲೆ ತನ್ನ ಮನೆಯ ವಿಳಾಸಕ್ಕೆ ಬಂದು ನಿಲ್ಲಲಿ. ಸೈಟಿನಲ್ಲಿ ನಮ್ಮ ಮುಂದೆ ಆಡಿದ್ದಾಯ್ತು. ನಮಗೆ ಗೊತ್ತಿದ್ದದ್ದನ್ನೇ ನಮಗೆ ತೋರಿಸಿದಿರಿ. ಮುಂದಿನ ಸಲ ಗೇಟಿನೊಳಗೆ, ಸರ್ವೀಸ್ ಲಿಫ್ಟಿನ ಎದುರು ಆಡಿ. ನಾವೂ ಬರ್ತೀವಿ. ಸೆಕ್ಯೂರಿಟಿ ಅಣ್ಣ ರಿಜಿಸ್ಟರು ಮುಂದೆ ಇಡ್ತಾರೆ. ಹೆಸರು ಬರೀತೀವಿ, ಊರು ಬರೀತೀವಿ, ಬಂದ ಕಾರಣ ಅನ್ನೋ ಕಡೆ 'ನಾಟಕ' ಅಂತ ಬರೀತೀವಿ. ಒಳಗೆ ಬಿಡ್ತಾರೋ ಇಲ್ಲವೋ, ಅಲ್ಲಿಂದಲೇ ಆಟ ಶುರು ಮಾಡೋಣ.